ಒದ್ದೆ ಸೀರೆಯ ಹರಕೆ

"ಕಾಲು! ಕಾಲು ಎಲ್ಲಿ ಬಿಟ್ಟೀರಿ ಅಕ್ಕಾರ? ಮನ್ಯಾಗ ಇಟ್ಟು ಬಂದೀರೇನು?"

ಮೊಳಕಾಲುದ್ದ ನೀರಿನಲ್ಲಿ ಕೋಲು ಹಿಡಿದು ನಿಂತಿದ್ದ ಖಾತುನಬಿ ಹಾಗೆ ಗದರಿಸಿದ ಅಬ್ಬರಕ್ಕೆ ದಿಬ್ಬದ ಮೇಲೆ ಕೂತಿದ್ದ ಬೆಳ್ಳಕ್ಕಿಗಳು ಎದ್ದು ಹಾರಿದವು. ನೀರಿನಲ್ಲಿ ಬಿದ್ದು ಒದ್ದಾಡುತ್ತಿದ್ದಾಕೆ ಮುರಿಗೆವ್ವ. ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಹನ್ನೆರಡು ವರ್ಷದಿಂದ ಶಿಕ್ಷಕಿ. ಆಕೆ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ನಲವತ್ತು ಹುಡುಗಿಯರು ಪಿಟ್ಟೆನ್ನದೆ ಪಾಟಿ ಹಿಡಿದು ಕೂರುತ್ತಿದ್ದರು. ಅಂಥಾಕೆ ಈಗ ಕಚ್ಚೆ ಬಿಗಿದು, ಬೆನ್ನಿಗೆ ಎರಡು ಸೋರೆಬುರುಡೆ ಕಟ್ಟಿಕೊಂಡು, ಮೂಗು ಬಾಯಿಯಿಂದ ನೀರು ಕುಡಿಯುತ್ತ, ಕಲ್ಲಂಗಡಿ ಬೆಳೆಯುವ ಮುದುಕಿಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದಳು. ಅದನ್ನು ಕಾಣುವ ಭಾಗ್ಯ ಆ ಹುಡುಗಿಯರಿಗೆ ಇರಲಿಲ್ಲ, ಅಷ್ಟೇ.

"ಬಡ್ಯಾಕತ್ತೇನಲ್ಲ ಖಾತುನಬೀ!"

"ಅದು ಬಡ್ಯೂದಲ್ಲರಿ, ನೀರಿಗೆ ಗಾಳಿ ಹಾಕೂದು. ಇನ್ನೊಮ್ಮೆ ನಡೀರಿ!"

ಮೂವತ್ತಾರನೆಯ ಇಸವಿಯ ಬೇಸಿಗೆ ಅದು. ಮಳೆಗಾಲದಲ್ಲಿ ಗಬ್ಬೂರಿನ ಕೆರೆ ತುಂಬಿದರೆ ನಡುವಿನ ಈ ದಿಬ್ಬಕ್ಕೆ ಯಾರೂ ಹೋಗುವ ಹಾಗಿರಲಿಲ್ಲ. ಬೇಸಿಗೆಯಲ್ಲಿ ಮಾತ್ರ ಒಂದು ಕಡೆ ನೀರು ಇಳಿದು, ಸೀರೆ ಮೊಳಕಾಲಿಗೆ ಎತ್ತಿಕೊಂಡು ದಾಟುವಷ್ಟು ಹಾದಿ ಬಿಡುತ್ತಿತ್ತು. ಆಗ ಖಾತುನಬಿ, ಆಕೆಯ ಗಂಡ ದಸ್ತಗೀರಸಾಬ ದಿಬ್ಬದ ಮೇಲೆ ಗುಡಿಸಲು ಹಾಕಿ ಕಲ್ಲಂಗಡಿ, ಸೌತೆ ಬೆಳೆಯುತ್ತಿದ್ದರು. ಇನ್ನೊಂದು ಕಡೆ, ಬಸವಣ್ಣನ ಗುಡಿ ಇರುವ ದಂಡೆಗೂ ದಿಬ್ಬಕ್ಕೂ ನಡುವೆ ಮೂವತ್ತು ಮಾರು ನೀರು. ಅಲ್ಲಿ ಬೇಸಿಗೆಯಲ್ಲೂ ಆಳು ಮುಳುಗುವಷ್ಟು ಆಳ. ಮುರಿಗೆವ್ವನ ಕಣ್ಣು ಇದ್ದದ್ದು ಆ ಮೂವತ್ತು ಮಾರಿನ ಮೇಲೆ.

ಚಳಿಜ್ವರ ಬಂದು ಹಾಸಿಗೆ ಹಿಡಿದಿದ್ದ ಆಕೆಯನ್ನು ಅಣ್ಣ ಗುಡ್ಡಪ್ಪ ಗಬ್ಬೂರಿಗೆ ಕರೆತಂದು ನಾಲ್ಕು ತಿಂಗಳಾಗಿತ್ತು. ಡಾಕ್ಟರು ಬರೆದುಕೊಟ್ಟ ರಜೆ, ಅದರ ಬೆನ್ನಿಗೇ ಬೇಸಿಗೆ ಸೂಟಿ. ಅಣ್ಣನದು ಹತ್ತಿ ಬೆಳೆದು ಹತ್ತಿ ಮಾರುವ ಮನೆ. ಉಣ್ಣಲಿಕ್ಕೆ ಉಡಲಿಕ್ಕೆ ಕೊರತೆಯಿಲ್ಲ. ಜ್ವರ ಬಿಟ್ಟ ಮೇಲೆ ಮುರಿಗೆವ್ವ ತಡವಾಗಿ ಏಳುವುದನ್ನು ಕಲಿತಳು, ಮಧ್ಯಾಹ್ನ ದಿಬ್ಬದ ಜಾಲಿಯ ನೆರಳಿನಲ್ಲಿ ಸುಮ್ಮನೆ ಬಿದ್ದುಕೊಳ್ಳುವುದನ್ನು ಕಲಿತಳು. ಗಂಟೆಯಿಲ್ಲ, ಹಾಜರಿಯಿಲ್ಲ, ತಿದ್ದುವ ಪಾಟಿಯಿಲ್ಲ. ಇಷ್ಟು ಸುಖವನ್ನು ಆಕೆ ಹುಟ್ಟಿದಂದಿನಿಂದ ಕಂಡಿರಲಿಲ್ಲ.

ಬದಲಿಯ ಹುಕುಮು ಬಂದದ್ದು ಆ ಸುಖದ ನಡುವೆ. ಜೂನ್ ಹದಿನೈದಕ್ಕೆ ಬೆಣ್ಣಿಹಳ್ಳದ ಕಡೆಯ ಕೊಂಡಿನಾಳದಲ್ಲಿ ಹಾಜರಾಗಬೇಕು. ಅಲ್ಲಿ ಹೊಸದಾಗಿ ಹೆಣ್ಣುಮಕ್ಕಳ ಸಾಲೆ ಆಗಿ ಎರಡೇ ವರ್ಷ. ಒಂಟಿ ಹೆಂಗಸು ಇರಲಿಕ್ಕೆ ಸಿಗುವ ಮನೆ ಹಳ್ಳದ ಈಚೆ. ಸಾಲೆ, ಹುಡುಗಿಯರು ಎಲ್ಲ ಹಳ್ಳದ ಆಚೆ. ಸೇತುವೆಯಿಲ್ಲ. ಮೊದಲು ಹೋದ ಇಬ್ಬರು ಶಿಕ್ಷಕಿಯರೂ ಮಳೆ ಬಿದ್ದೊಡನೆ ಗಂಟು ಕಟ್ಟಿ ಊರು ಸೇರಿದವರು, ದಸರೆ ಮುಗಿದ ಮೇಲೆ ಮುಖ ತೋರಿಸಿದ್ದರು. ಈ ಸಲವೂ ಮಳೆಗಾಲದಲ್ಲಿ ಬಾಗಿಲು ಮುಚ್ಚಿದರೆ ಸಾಲೆಯನ್ನೇ ತೆಗೆದುಬಿಡುತ್ತಾರೆ ಎಂದು ಹುಕುಮಿನ ಕೊನೆಯ ಸಾಲಿನಲ್ಲೇ ಬರೆದಿತ್ತು.

"ಹೋಗೂದ ಬ್ಯಾಡ," ಎಂದ ಗುಡ್ಡಪ್ಪ, ಓದಿ ಮುಗಿಸುವುದರೊಳಗೆ. "ಧಾರವಾಡಕ್ಕ ಹೋಗಿ ರದ್ದು ಮಾಡಿಸ್ಕೊಂಡು ಬರತೇನಿ. ನೀ ಆರಾಮ ಇರು."

ಅಣ್ಣನ ಎದುರು ಮಾತಾಡುವುದು ಮುರಿಗೆವ್ವನಿಗೆ ಆಗುತ್ತಿರಲಿಲ್ಲ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ಬಂದವಳನ್ನು ಮತ್ತೆ ಓದಿಸಿ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹಾಕಿದವನು ಅವನು. ಓಣಿಗೆ ಓಣಿಯೇ ಬಾಯಿ ಮಾಡಿದರೂ ಜಗ್ಗದೆ ನಿಂತವನು. ಅಂಥವನಿಗೆ ಹೇಗೆ ಎದುರಾಡುವುದು? ಹಾಗಾಗಿ ಸುಮ್ಮನೆ ಎದ್ದು ಅಟ್ಟಕ್ಕೆ ಹೋದಳು. ಅತ್ತಿಗೆ ಬೀಜಕ್ಕೆಂದು ಒಣಗಿಸಿಟ್ಟ ಸೋರೆಬುರುಡೆಗಳಲ್ಲಿ ದೊಡ್ಡವೆರಡನ್ನು ಆರಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಕೆರೆಯ ಹಾದಿ ಹಿಡಿದಳು.

ಅಂದಿನಿಂದ ದಿನಾ ಮಧ್ಯಾಹ್ನ ಆಕೆಯ ಸೀರೆ ಹಿತ್ತಲ ಹಗ್ಗದ ಮೇಲೆ ಒದ್ದೆಯಾಗಿ ತೂಗತೊಡಗಿತು. ಅತ್ತಿಗೆ ಶಿವಲಿಂಗವ್ವ ಅದನ್ನು ನೋಡಿದಳು. ಒಂದು ದಿನವಲ್ಲ, ಎರಡು ದಿನವಲ್ಲ. ಬೆಳಿಗ್ಗೆ ಮಿಂದ ನಾದಿನಿ ಮತ್ತೆ ಮಧ್ಯಾಹ್ನ ಕೆರೆಗೆ ಹೋಗಿ ಒದ್ದೆ ಬಟ್ಟೆಯಲ್ಲಿ ಬರುತ್ತಾಳೆ. ದಂಡೆಯ ಮೇಲೆ ಬಸವಣ್ಣನ ಗುಡಿ ಬೇರೆ ಇದೆ. ಇನ್ನೇನು ಬೇಕು? ಪಾಪ, ಬದಲಿ ರದ್ದಾಗಲಿ ಅಂತ ಹರಕೆ ಹೊತ್ತಿದ್ದಾಳೆ! ಹರಕೆ ಹೊತ್ತವರನ್ನು ಕೇಳಬಾರದು, ಕೇಳಿದರೆ ಫಲ ಹೋಗುತ್ತದೆ. ಶಿವಲಿಂಗವ್ವ ಗಂಡನಿಗೆ ಮಾತ್ರ ಹೇಳಿದಳು, ಹರಕೆಯವರು ರಾತ್ರಿ ಉಣ್ಣಬಾರದೆಂದು ಮುರಿಗೆವ್ವನ ತಾಟಿನಿಂದ ರೊಟ್ಟಿ ತೆಗೆದಳು. ಇನ್ನು ಮೇಲೆ ರಾತ್ರಿ ಒಂದು ಬಾಳೆಹಣ್ಣು, ಒಂದು ಬಟ್ಟಲು ಹಾಲು.

ಮೊದಲ ದಿನ ಮುರಿಗೆವ್ವನಿಗೆ ಏನೂ ತಿಳಿಯಲಿಲ್ಲ.

"ವೈನಿ, ರೊಟ್ಟಿ?"

"ಬ್ಯಾಡವ್ವಾ. ನೀ ಬಾಯಿ ಬಿಟ್ಟು ಏನೂ ಹೇಳಬ್ಯಾಡ. ನನಗ ಎಲ್ಲಾ ತಿಳೀತೈತಿ." ಶಿವಲಿಂಗವ್ವನ ಕಣ್ಣು ತುಂಬಿದ್ದವು.

ತಿಳಿದಾಗ ಮುರಿಗೆವ್ವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ನಿಜ ಹೇಳಿದರೆ ನಾಳೆಯಿಂದ ಕೆರೆ ಬಂದ್. ಹೇಳದಿದ್ದರೆ ಹೊಟ್ಟೆ ಬಂದ್. ತಾಸುಗಟ್ಟಲೆ ಈಸಿ ಬಂದ ಮೈ ಅನ್ನ ಅನ್ನ ಅನ್ನುತ್ತಿತ್ತು. ಹಾಲು ಕುಡಿದು ಬಾಯಿ ಒರೆಸಿಕೊಂಡು ಎದ್ದಳು. ಮರುದಿನ ಖಾತುನಬಿ ಒಡೆದುಕೊಟ್ಟ ಕಲ್ಲಂಗಡಿಯನ್ನು ಒಬ್ಬಳೇ ಅರ್ಧ ತಿಂದಳು.

"ಏನ್ರಿ ಅಕ್ಕಾರ, ಮನ್ಯಾಗ ಉಣ್ಣಾಕ ಹಾಕೂದಿಲ್ಲೇನು?"

ಸಂಗತಿ ಕೇಳಿ ಖಾತುನಬಿ ಬಿದ್ದು ಬಿದ್ದು ನಕ್ಕಳು. ಆಮೇಲೆ ದಿನಾ ಎರಡು ಹಣ್ಣು ತೆಗೆದಿಡತೊಡಗಿದಳು. ತನ್ನ ಮನೆಯ ರೊಟ್ಟಿಯನ್ನು ಅಕ್ಕಾರು ತಿನ್ನುವಂತಿಲ್ಲ ಎಂಬುದು ಆಕೆಗೂ ಗೊತ್ತಿತ್ತು, ಹಣ್ಣಿಗೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ.

ಮೂರು ವಾರ ಉಳಿದಿದ್ದಾಗ ಒಂದು ಬುರುಡೆ ಬಿಚ್ಚಿದರು. ಎರಡು ವಾರ ಉಳಿದಿದ್ದಾಗ ಇನ್ನೊಂದು. ಬೆನ್ನು ಬರಿದಾದದ್ದೇ ತಡ, ಮುರಿಗೆವ್ವ ಕಲ್ಲಿನ ಹಾಗೆ ಮುಳುಗಿದಳು. ಕಣ್ಣ ಮುಂದೆ ಹಸಿರು ಕತ್ತಲೆ, ಕಿವಿಯಲ್ಲಿ ಗುಂಯ್ ಗುಂಯ್. ಕೂದಲು ಹಿಡಿದು ಎಳೆದು ದಿಬ್ಬದ ಮೇಲೆ ಹಾಕಿದವಳು ಖಾತುನಬಿ. ಮುರಿಗೆವ್ವ ಕೆಮ್ಮಿ ಕೆಮ್ಮಿ ನೀರು ಕಾರಿದಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಭಯಕ್ಕೆ ಅತ್ತಳು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಖಾತುನಬಿ ಈ ಸಲ ಗದರಲಿಲ್ಲ. "ಬಿಡ್ರಿ ಅಕ್ಕಾರ. ಅಣ್ಣಾರು ರದ್ದು ಮಾಡಿಸ್ತಾರ. ಹುಬ್ಬಳ್ಳ್ಯಾಗ ಛಲೋ ಇದ್ದೀರಿ. ಈ ವಯಸ್ಸಿನಾಗ ಯಾಕ ಬೇಕು?"

ಮುರಿಗೆವ್ವ ಸೆರಗು ಹಿಂಡುತ್ತ ಕೂತಳು.

"ಗಬ್ಬೂರಿಗೆ ಬರೂಕಿಂತ ಮದಲು ನಾವಿದ್ದ ಊರಾಗೂ ಒಂದು ಹಳ್ಳ ಇತ್ತು ಖಾತುನಬೀ. ನಾನು ಮೂರನೇ ಇಯತ್ತಿ. ಮಳಿ ಹತ್ತಿದ ಕೂಡ್ಲೇ ಮಾಸ್ತರು ಬರೂದು ನಿಂತ್ರು. ದಸರಿಗೆ ಬರತೇನಿ, ಅಲ್ಲೀತನಕ ಮಗ್ಗಿ ಬಾಯಿಪಾಠ ಮಾಡ್ರಿ ಅಂದಿದ್ರು. ನಾ ಇಪ್ಪತ್ತರ ಮಗ್ಗೀತನಕ ಬಾಯಿಪಾಠ ಮಾಡಿಟ್ಟಿದ್ದೆ. ದಸರಿಗೆ ಮಾಸ್ತರು ಬರೂದರಾಗ ನಂದು ಲಗ್ನ ಆಗಿತ್ತು. ಮಗ್ಗಿ ಒಪ್ಪಿಸಾಕ ಯಾರೂ ಇರಲಿಲ್ಲ."

ಖಾತುನಬಿ ಎದ್ದು ಕೋಲು ತೆಗೆದುಕೊಂಡಳು. "ಏಳ್ರಿ ಮತ್ತ. ಕುಂತರ ಹಳ್ಳ ದಾಟೂದಿಲ್ಲ."

ಜೂನ್ ಒಂಬತ್ತಕ್ಕೆ ಗುಡ್ಡಪ್ಪ ಧಾರವಾಡದಿಂದ ಬಂದ. ಮೂರನೆಯ ಸಲ ಹೋಗಿದ್ದ. ಹಾದಿಯಲ್ಲಿ ಮೊದಲ ಮಳೆ ಸಿಕ್ಕಿ ತಲೆಗೆ ಸುತ್ತಿದ ಪಟಗದಿಂದ ನೀರಿಳಿಯುತ್ತಿತ್ತು, ಅಂಗಿಯ ಒಳಕಿಸೆಯಿಂದ ತೆಗೆದ ಕರವಸ್ತ್ರದ ಗಂಟು ಮಾತ್ರ ಒಣಗಿತ್ತು. ಗಂಟಿನೊಳಗೆ ಕಾಗದ.

"ಆತು ತಂಗೀ! ಇಲ್ಲಿ ಕೆಳಗ ನಿನ್ನ ಸಹಿ ಒಂದು ಬಿದ್ದರ ಬದಲಿ ರದ್ದು. ಶನಿವಾರದೊಳಗ ಮುಟ್ಟಿಸಬೇಕು. ನಿನ್ನ ಹರಕಿ ಹುಸಿ ಹೋಗಲಿಲ್ಲ ನೋಡು!"

"ಬಸವಣ್ಣಾ ನಮ್ಮಪ್ಪಾ!" ಎಂದು ಶಿವಲಿಂಗವ್ವ ಕೈಮುಗಿದು, ಹೋಳಿಗೆಗೆ ಬೇಳೆ ಹಾಕಲು ಒಳಗೆ ಓಡಿದಳು.

ಶಾಯಿಯಲ್ಲಿ ದುಂಡಗೆ ಬರೆದ ಅಕ್ಷರ. ಮುರಿಗೆವ್ವ ಓದಿದಳು. ಹುಬ್ಬಳ್ಳಿಯ ತನ್ನ ಕೋಣೆ, ಮಲ್ಲಿಗೆ ಬಳ್ಳಿ, ನಡೆದು ಹೋಗುವಷ್ಟು ಸಮೀಪದ ಸಾಲೆ, ಎಲ್ಲ ಆ ಕಾಗದದಲ್ಲಿತ್ತು. ಒಂದು ಗಳಿಗೆ ಆಸೆಯಾಯಿತು. ಆಸೆಯಾಗಲಿಲ್ಲ ಅಂದರೆ ಸುಳ್ಳಾದೀತು.

"ಅಣ್ಣಾ, ನಾ ಹರಕಿ ಹೊತ್ತಿಲ್ಲ."

"ಅಂದರ?"

"ಈಸು ಕಲ್ಯಾಕತ್ತೇನಿ. ಕೊಂಡಿನಾಳಕ್ಕ ಹೋಗಾಕ."

ಒಳಗೆ ಬೇಳೆ ಕೇರುವ ಸಪ್ಪಳ ನಿಂತಿತು. ಗುಡ್ಡಪ್ಪನ ಮುಖ ಕೆಂಪಾಯಿತು. ಸಿಟ್ಟು ಬಂದರೆ ಅವನು ಕೂಗುವವನಲ್ಲ, ದನಿ ಇಳಿಸುವವನು.

"ಮೂರು ಸಲ ಕಂಡ ಕಂಡವರ ಕಾಲು ಹಿಡದು ಬಂದೇನಿ. ನೀ ಉಪಾಸ ಇದ್ದಿ ಅಂತ ನಾನೂ ಸಂಜೀ ಊಟ ಬಿಟ್ಟೇನಿ. ಈಗ ಹಿಂಗ ಅಂತೀ?"

ಅಣ್ಣ ಊಟ ಬಿಟ್ಟದ್ದು ಮುರಿಗೆವ್ವನಿಗೆ ಗೊತ್ತಿರಲಿಲ್ಲ.

"ತಪ್ಪಾತು. ಹೇಳಿದ್ರ ನೀ ಬಿಡ್ತಿರಲಿಲ್ಲ."

"ಬಿಡ್ತಿರಲಿಲ್ಲ. ಈಗೂ ಬಿಡೂದಿಲ್ಲ. ಹಳ್ಳ ಅಂದರ ಏನಂತ ತಿಳದೀ? ನೀ ಮುಳುಗಿದ್ರ ನಾ ಏನ ಮಾಡ್ಲಿ? ಹೇಳು, ನಾ ಏನ ಮಾಡ್ಲಿ?"

"ನಾಳೆ ಮಧ್ಯಾಹ್ನ ಬಸವಣ್ಣನ ಗುಡಿ ಹಂತೇಕ ಬಾ. ಆ ಕಾಗದಾನೂ ತಗೊಂಡು ಬಾ. ದಿಬ್ಬ ಮುಟ್ಟಿ ತಿರುಗಿ ಬರತೇನಿ. ನಡುವ ಖಾತುನಬಿ ಕೈ ಹಚ್ಚಿದ್ರ ಅಲ್ಲೇ ಸಹಿ ಮಾಡ್ತೇನಿ. ಹೋಳಿಗಿ ಆಮ್ಯಾಲ ತಿನ್ನೂಣು."

ಮರುದಿನ ಗಾಳಿ ಎದ್ದಿತ್ತು. ರಾತ್ರಿಯ ಮಳೆಗೆ ಕೆರೆಯ ನೀರು ಕೆಂಪಾಗಿ, ಸಣ್ಣ ಸಣ್ಣ ತೆರೆ ದಂಡೆಗೆ ಬಡಿಯುತ್ತಿದ್ದವು. ಎಂಥ ದಿನ ಆರಿಸಿದೆನಪ್ಪಾ ಎಂದು ಮುರಿಗೆವ್ವ ತನ್ನನ್ನೇ ಬೈದುಕೊಂಡಳು. ಗುಡ್ಡಪ್ಪ ಗುಡಿಯ ಕಟ್ಟೆಯ ಮೇಲೆ ಬಂದು ಕೂತ. ಶಿವಲಿಂಗವ್ವ ಬಸವಣ್ಣನ ಮುಂದೆ ಕೈಮುಗಿದು ನಿಂತಳು. ಈಗ ಏನು ಬೇಡಿಕೊಳ್ಳಬೇಕೋ ಆಕೆಗೇ ತಿಳಿಯದಾಗಿತ್ತು. ದಿಬ್ಬದ ಅಂಚಿನಲ್ಲಿ ಖಾತುನಬಿ ಕೋಲು ಹಿಡಿದು ಕಾದಿದ್ದಳು. ಮುರಿಗೆವ್ವ ಎರಡು ಬುರುಡೆಗಳನ್ನೂ ಅಣ್ಣನ ಕಾಲ ಹತ್ತಿರ ಇಟ್ಟು, ಕಚ್ಚೆ ಬಿಗಿದು ನೀರಿಗಿಳಿದಳು.

ಹೋಗುವಾಗ ತೊಂದರೆಯಾಗಲಿಲ್ಲ. ದಿಬ್ಬ ಮುಟ್ಟಿ, ಉಸಿರು ತೆಗೆದುಕೊಂಡು ತಿರುಗಿದಳು. ಈಗ ಗಾಳಿ ಎದುರು. ನಡುನೀರಿಗೆ ಬರುವುದರೊಳಗೆ ಕೈ ಸೋತವು. ಒಂದು ತೆರೆ ಮುಖಕ್ಕೆ ಬಡಿಯಿತು, ನೀರು ಗಂಟಲಿಗೆ ಹೋಯಿತು, ಗುಡಿ ಒಮ್ಮೆ ಕಂಡು ಒಮ್ಮೆ ಕಾಣದಾಯಿತು. ಹಿಂದೆ ಖಾತುನಬಿ ನೀರಿಗೆ ಧುಮುಕಿದ ಸಪ್ಪಳ ಕೇಳಿತು. "ಬರಬ್ಯಾಡಾ!" ಎಂದು ಕೂಗಬೇಕೆಂದರೆ ಬಾಯಿ ತೆರೆಯುವಂತಿಲ್ಲ. ಹಳೆಯ ಹಸಿರು ಕತ್ತಲೆ ಮತ್ತೆ ಕಣ್ಣಿಗೆ ಕವಿಯಿತು.

"ಕಾಲು! ಕಾಲು ಬಡಿ ಮುರಿಗೆವ್ವಾ!"

ಖಾತುನಬಿಯ ದನಿಯಲ್ಲ ಅದು. ದಂಡೆಯ ಕಡೆಯಿಂದ ಬಂದ ಗಂಡುದನಿ. ಚಿಕ್ಕಂದಿನಲ್ಲಿ ಆ ಹಳೆಯ ಊರ ಹಳ್ಳದಲ್ಲಿ ಹುಡುಗರೆಲ್ಲ ಈಸುತ್ತಿದ್ದಾಗ ಮೊದಲು ಆಚೆ ಮುಟ್ಟುತ್ತಿದ್ದವನು ಗುಡ್ಡಪ್ಪ. ಹೆಣ್ಣುಮಕ್ಕಳು ದಂಡೆಯ ಮೇಲೆ ಅವರ ಅಂಗಿ ಕಾಯುತ್ತ ಕೂತಿರುತ್ತಿದ್ದರು. ಈಗ ಅವನು ಧೋತರ ಸಮೇತ ಸೊಂಟದ ತನಕ ನೀರಿಗಿಳಿದು, ಎರಡೂ ಕೈ ಬೀಸಿ ಅರಚುತ್ತಿದ್ದ.

"ತಲಿ ಎತ್ತಬ್ಯಾಡ! ತೆರಿ ಬಂದಾಗ ಉಸಿರು ಹಿಡಿ! ಹಾಂ, ಹಂಗ! ಹಂಗ ಬಾ ನನ್ನವ್ವಾ, ಬಾ! ಖಾತುನಬೀ, ಆಕೀನ್ನ ಮುಟ್ಟಬ್ಯಾಡ್ರಿ! ಬರತಾಳ! ಬರತಾಳ ಬಿಡ್ರಿ ಆಕಿ!"

ಮುರಿಗೆವ್ವ ಕಾಲು ಬಡಿದಳು. ಎಷ್ಟು ಸಲ ಬಡಿದಳೋ. ಕಾಲಿಗೆ ಕೆಸರು ಹತ್ತಿದಾಗಲೂ ಇನ್ನೂ ಬಡಿಯುತ್ತಲೇ ಇದ್ದಳು.

ಅಣ್ಣನ ಎದುರು ಏದುತ್ತ ಬಂದು ನಿಂತಳು. ಗುಡ್ಡಪ್ಪನೂ ಏದುಸಿರು ಬಿಡುತ್ತಿದ್ದ. ಒಳಕಿಸೆಯಿಂದ ಕರವಸ್ತ್ರದ ಗಂಟು ತೆಗೆದು, ಬಿಚ್ಚಿ, ಕಾಗದವನ್ನು ನೋಡಿದ. ಶಾಯಿ ಇನ್ನೂ ಅಚ್ಚುಕಟ್ಟಾಗಿತ್ತು. ತಂಗಿಯ ಕೈಗಳನ್ನು ನೋಡಿದ. ಬೆರಳ ತುದಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.

"ತಗೋ," ಎಂದ.

"ಒದ್ದಿ ಕೈ ಅಣ್ಣಾ. ಅಕ್ಷರ ಹೋಗ್ತಾವು."

"ಹೋದ್ರ ಹೋಗ್ಲಿ."

ಕಾಗದವನ್ನು ಆಕೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಆಮೇಲೆ ಬಾಗಿ ಸೋರೆಬುರುಡೆಗಳನ್ನು ಎತ್ತಿಕೊಂಡು, ಅವನ್ನು ಕಟ್ಟಿದ್ದ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿದ.

ಅಂದು ಸಂಜೆ ಶಿವಲಿಂಗವ್ವ ನಾದಿನಿಯ ತಾಟಿಗೆ ಮೂರು ರೊಟ್ಟಿ ಹಾಕಿ, ಎರಡು ಹೋಳಿಗೆ ಹಾಕಿ, ತುಪ್ಪ ಸುರಿದಳು. ಗುಡ್ಡಪ್ಪ ಇನ್ನೂ ಊಟಕ್ಕೆ ಎದ್ದಿರಲಿಲ್ಲ. ಕಟ್ಟೆಯ ಮೇಲೆ ಧೋತರ ಮೇಲಕ್ಕೆ ಸರಿಸಿ, ಪುಂಡಿನಾರನ್ನು ತೊಡೆಯ ಮೇಲಿಟ್ಟು ಹೊಸ ಹಗ್ಗ ಹೊಸೆಯುತ್ತಿದ್ದ.

"ಊಟಕ್ಕ ಏಳ್ರಿ," ಎಂದಳು ಶಿವಲಿಂಗವ್ವ.

"ಇನ್ನೊಂದು ಮಾರು," ಎಂದ ಅವನು. "ಹಳ್ಳದ ನೀರಿಗೆ ಆ ಹಗ್ಗ ತಡೆಯೂದಿಲ್ಲ."