ಗುಲಾಬಿ ಹಿಡಿಯುವಷ್ಟು ದೂರ

೨೦೧೯ರ ಜೂನ್ ೧೩, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಕ್ಲೊತಿಲ್ದಳ ಕಾರಿನ ಮುಂದಿನ ಬಲಗಾಲಿ ಒಡೆಯಿತು. ಅಟ್ಟದಿಂದ ಗೋಧಿಮೂಟೆ ಬಿದ್ದಂಥ ಸದ್ದು, ಅಷ್ಟೆ. ಅವಳು ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿ, ಇಳಿದು ನೋಡಿದಳು. ಟೈರಿನ ಪಕ್ಕೆಯಲ್ಲಿ ಬೆರಳು ತೂರುವಷ್ಟು ಸೀಳು. ಡಿಕ್ಕಿಯಲ್ಲಿ ಸ್ಟೆಪ್ನಿ ಇರಬೇಕಾದ ಗುಳಿಯಲ್ಲಿ ತೂತು ಮುಚ್ಚುವ ನೊರೆಯ ಡಬ್ಬಿಯೊಂದು ಬಿದ್ದಿತ್ತು. ಆ ಸೀಳಿಗೆ ಅದು ಯಾವ ಮೂಲೆಗೂ ಸಾಲದು.

"ಇನ್ನೆಷ್ಟು ದೂರ ಇದೆ?" ಎಂದು ಅವಳ ತಮ್ಮ ರೆಜಿಸ್ ಒಳಗಿನಿಂದಲೇ ಕೇಳಿದ.

"ಶಾರ್ತ್ರ್‌ಗೆ ಇಪ್ಪತ್ತೈದು ಕಿಲೋಮೀಟರು. ನಡ್ಕೊಂಡು ಹೋಗೋಣ ಅಂತೀಯಾ?"

"ನೀನು ಮುಂದೆ ಬೈಕೊಂಡು ನಡಿ ಅಕ್ಕಾ. ಆ ಸದ್ದು ಹಿಡ್ಕೊಂಡು ನಾನು ಹಿಂದೆ ಬರ್ತೀನಿ. ದಾರಿ ತಪ್ಪಲ್ಲ."

ರಸ್ತೆಯ ಎರಡೂ ಬದಿಗೆ ಬೋಸ್ ಬಯಲಿನ ಗೋಧಿ. ಒಂದು ಮರವಿಲ್ಲ, ಒಂದು ದಿಬ್ಬವಿಲ್ಲ. ರೆಜಿಸ್ ಕಾರಿನಿಂದಿಳಿದು, ಬಾನೆಟ್ಟನ್ನು ಕೈಯಿಂದ ಸವರಿಕೊಂಡು ಬಂದು ನಿಂತ. ಐವತ್ತೊಂದು ವರ್ಷದ ಅವನು ವಾಂದೋಮ್ ಊರಿನ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಹೋದ ವರ್ಷ ಬೆನ್ನುನೋವು ಎಂದು ಹೇಳಿ ಕೆಲಸ ಬಿಟ್ಟಿದ್ದ. ಬೆನ್ನಿಗೆ ಏನೂ ಆಗಿರಲಿಲ್ಲ. ಅವನ ಕಣ್ಣಿನ ಒಳಪರದೆ ಅಂಚಿನಿಂದ ನಡುವಿನ ಕಡೆಗೆ ಸಾಯುತ್ತ ಬಂದಿತ್ತು. ತೋಳು ಚಾಚಿ ಮುಷ್ಟಿ ಕಟ್ಟಿದರೆ ಆ ಮುಷ್ಟಿ ಎಷ್ಟು ಜಾಗ ಮರೆಮಾಡುತ್ತದೋ ಅಷ್ಟು ಮಾತ್ರ ಅವನಿಗೆ ಕಾಣುತ್ತಿತ್ತು. ಅದರೊಳಗೆ ಎಲ್ಲವೂ ಚೊಕ್ಕ, ಓದುವಷ್ಟು ಚೊಕ್ಕ. ಅದರಾಚೆ ಕತ್ತಲೆ ಕೂಡ ಇರಲಿಲ್ಲ, ಏನೂ ಇರಲಿಲ್ಲ. ಎದುರು ಕೂತ ಅಕ್ಕನ ಮುಖವನ್ನು ಅವನು ಒಂದು ಕಣ್ಣು, ಇನ್ನೊಂದು ಕಣ್ಣು, ಆಮೇಲೆ ಬಾಯಿ ಎಂದು ಕಂತಿನಲ್ಲಿ ನೋಡಬೇಕಿತ್ತು. ಬೆಳಕು ಕಡಿಮೆಯಾದರೆ ಅದೂ ಇಲ್ಲ. ಈ ಸಂಗತಿ ಗೊತ್ತಿದ್ದದ್ದು ಡಾಕ್ಟರಿಗೆ ಮತ್ತು ಅಕ್ಕನಿಗೆ ಮಾತ್ರ.

ದೊಡ್ಡದಾದ ಒಂದನ್ನು, ಒಂದೇ ಒಂದನ್ನು, ತುಂಡು ಮಾಡದೆ ಇಡಿಯಾಗಿ ನೋಡಬೇಕು ಎಂಬುದು ಅವನ ಆಸೆ. ಶಾರ್ತ್ರ್ ಕೆಥೆಡ್ರಲಿನ ತೆಂಕಣ ಗೋಡೆಯ ಗುಲಾಬಿಯನ್ನು ಅವನು ಆರಿಸಿಕೊಂಡಿದ್ದ. ಗುಲಾಬಿಯೆಂದರೆ ಎಸಳೆಸಳಾಗಿ ಬಣ್ಣದ ಗಾಜು ಕೂರಿಸಿದ ದುಂಡನೆಯ ಕಿಟಕಿ, ಒಂದು ಮನೆಯಷ್ಟು ಅಗಲ. ಅವನ ನೋಟದ ಕಂಡಿ ಕಿರಿದಾದಷ್ಟೂ ಹಿಂದೆ ಸರಿದು ನಿಲ್ಲಬೇಕು, ಲೆಕ್ಕ ಸುಲಭದ್ದು. ಎದುರಿನ ಬಡಗಣ ಬಾಗಿಲಿಗೆ ಬೆನ್ನು ಹಚ್ಚಿ ನಿಂತರೆ ಗುಲಾಬಿ ಸರಿಯಾಗಿ ಮುಷ್ಟಿಯೊಳಗೆ ಕೂರುತ್ತದೆ ಎಂದು ಏಪ್ರಿಲಿನಲ್ಲಿ ಲೆಕ್ಕ ಹಾಕಿಟ್ಟಿದ್ದ. ಆ ಗೋಡೆಗೆ ನಡುಹಗಲಿನವರೆಗೆ ಒಳ್ಳೆಯ ಬಿಸಿಲು, ಮಧ್ಯಾಹ್ನ ಮೂರರ ಮೇಲೆ ಇಲ್ಲ. ಅಕ್ಕನಿಗೆ ಮುಂದಿನ ರಜೆ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಕಂಡಿ ಇನ್ನಷ್ಟು ಕಿರಿದಾಗುತ್ತದೆ, ಬಾಗಿಲು ಮಾತ್ರ ಹಿಂದೆ ಸರಿಯುವುದಿಲ್ಲ.

ಟ್ರ್ಯಾಕ್ಟರಿನವನೊಬ್ಬ ಫೋನು ಮಾಡಿದ್ದಕ್ಕೆ ಪಕ್ಕದ ಹಳ್ಳಿಯಿಂದ ಗ್ಯಾರೇಜಿನ ಮಾರ್ಸೊ ಬಂದ. ಹೊಟ್ಟೆ ಮುಂದೆ ಬಂದ, ಮೀಸೆ ಬೆಳ್ಳಗಾದ ಮನುಷ್ಯ. ಕಾರನ್ನು ಎಳೆದುಕೊಂಡು ಗ್ಯಾರೇಜು ತಲುಪುವ ಹೊತ್ತಿಗೆ ಹನ್ನೆರಡಕ್ಕೆ ಐದು ನಿಮಿಷ. ಹಿಂದಿನ ಮನೆಯಿಂದ ಸಾಸಿವೆ ಹಚ್ಚಿ ಬೇಯಿಸಿದ ಮೊಲದ ವಾಸನೆ ಬರುತ್ತಿತ್ತು.

"ಹಳೇದೊಂದು ಚಕ್ರ ಇದೆ, ಇಪ್ಪತ್ತು ನಿಮಿಷದ ಕೆಲಸ," ಎಂದ ಮಾರ್ಸೊ. "ಈಗಲೇ ಹಾಕಿಬಿಡ್ಲಾ?"

ಅಷ್ಟರಲ್ಲಿ ಹಳ್ಳಿಯ ಚರ್ಚಿನ ಗಂಟೆ ಹೊಡೆಯತೊಡಗಿತು. ರೆಜಿಸ್ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ಛೆ ಛೆ, ಊಟದ ಹೊತ್ತು. ನೀವು ಊಟ ಮುಗಿಸಿ. ನಮಗೇನು ಆತುರ?"

ಹನ್ನೆರಡು ಹೊಡೆದ ಮೇಲೆ ಒಬ್ಬ ಮನುಷ್ಯನನ್ನು ಊಟದಿಂದ ತಡೆಯುವಂತೆ ಅವನನ್ನು ಯಾರೂ ಬೆಳೆಸಿರಲಿಲ್ಲ. ಕ್ಲೊತಿಲ್ದ್ ಅವನ ಕಡೆ ತಿರುಗಿ ದುರುಗುಟ್ಟಿದಳು. ಆ ನೋಟ ಮುಷ್ಟಿಯ ಆಚೆ ಬಿತ್ತು.

"ಹಂಗಾದ್ರೆ ನೀವೂ ಬನ್ನಿ," ಎಂದ ಮಾರ್ಸೊ. "ಒದೆತ್, ಇನ್ನೆರಡು ತಟ್ಟೆ ಇಡು."

ಬೇಡ ಎನ್ನುವುದು ಇನ್ನೂ ದೊಡ್ಡ ಅಪಚಾರವಾಗುತ್ತಿತ್ತು. ಮೊದಲು ಮೂಲಂಗಿ, ಬೆಣ್ಣೆ, ಬ್ರೆಡ್ಡು. ಮೊಲ ಬರುವ ಹೊತ್ತಿಗೆ ಒಂದು ಗಂಟೆ. ಮಾರ್ಸೊ ರೆಜಿಸ್‌ನ ಕಸುಬು ಕೇಳಿ ತಿಳಿದುಕೊಂಡ, ಈ ವರ್ಷದ ಗೋಧಿಯ ಬಗ್ಗೆ ಹೇಳಿದ, ತನ್ನ ಅಳಿಯ ಎಷ್ಟು ದಡ್ಡ ಎಂದು ಉದಾಹರಣೆ ಸಮೇತ ಹೇಳಿದ. ರೆಜಿಸ್ ಲೋಟಕ್ಕೆ ಕೈ ಚಾಚಿದವನು ಅದನ್ನು ಉರುಳಿಸಿದ. ಕೆಂಪು ವೈನು ಮೇಜಿನ ಬಟ್ಟೆಯ ಮೇಲೆ ಹರಿಯಿತು.

"ಮೇಷ್ಟ್ರಿಗೆ ನಮ್ಮ ವೈನು ಹಿಡಿಸಲಿಲ್ಲ ಅಂತ ಕಾಣುತ್ತೆ," ಎಂದು ಮಾರ್ಸೊನ ಹೆಂಡತಿ ಒದೆತ್ ಕಲೆಯ ಮೇಲೆ ಉಪ್ಪು ಸುರಿದಳು.

"ಹಿಡಿಸಿತು. ಅದಕ್ಕೇ ಮೇಜಿಗೂ ಸ್ವಲ್ಪ ಕೊಟ್ಟೆ."

ಎಲ್ಲರೂ ನಕ್ಕರು. ಸೊಪ್ಪಿನ ತಟ್ಟೆ ಖಾಲಿಯಾದಾಗ ಕ್ಲೊತಿಲ್ದ್ ಕುರ್ಚಿ ಹಿಂದಕ್ಕೆ ಸರಿಸಿದಳು. "ನಾವು ಮೂರರೊಳಗೆ ಕೆಥೆಡ್ರಲ್‌ನಲ್ಲಿ ಇರ್ಬೇಕಿತ್ತು..."

"ಚೀಸ್ ಬಿಟ್ಟು ಏಳ್ತಾರೇನಮ್ಮಾ?" ಎಂದಳು ಒದೆತ್. "ಇಲ್ಲಿ ಯಾರೂ ಸತ್ತಿಲ್ಲವಲ್ಲ."

"ಎಂಟುನೂರು ವರ್ಷದಿಂದ ಅಲ್ಲೇ ಇದೆ ಅದು," ಎಂದ ಮಾರ್ಸೊ. "ನಾವು ಕಾಫಿ ಕುಡಿಯೋಷ್ಟರಲ್ಲಿ ಎಲ್ಲಿಗೆ ಹೋಗುತ್ತೆ ಮೇಷ್ಟ್ರೇ?"

ಕ್ಲೊತಿಲ್ದ್ ತಮ್ಮನನ್ನು ನೋಡಿದಳು. ಅವಳ ಬಾಯಿ ತೆರೆಯಿತು. ಅದು ಅವನಿಗೆ ಉಸಿರಿನ ಸದ್ದಿನಲ್ಲೇ ತಿಳಿಯಿತು. "ಅಕ್ಕಾ, ಆ ಚೀಸ್ ಇತ್ತ ಕೊಡು," ಎಂದ.

ಊಟ ಮುಗಿದ ಮೇಲೆ ನೋಡಿದರೆ ಹಳೆಯ ಚಕ್ರದ ಅಳತೆ ಕೂಡಲಿಲ್ಲ. ಮಾರ್ಸೊ ಹೊಸ ಟೈರು ತರಲು ಬೊನ್ವಾಲ್ ಪೇಟೆಗೆ ಹೋದ. ಅವನು ಬಂದು, ಹಾಕಿ, ಕೈ ಒರೆಸಿಕೊಂಡು, ಊಟಕ್ಕೆ ಜೊತೆಯಾದವರೆಂದು ಕೂಲಿಯಲ್ಲಿ ಅರ್ಧ ಬಿಟ್ಟು ಕಳಿಸುವಾಗ ಸಂಜೆ ನಾಲ್ಕೂವರೆ.

ಕ್ಲೊತಿಲ್ದ್ ಕಾರನ್ನು ಹಳ್ಳಿ ದಾಟಿಸಿದಳು. ಆಮೇಲೆ ಅಂದಳು, "ಒಂದೇ ಒಂದು ಮಾತು ಹೇಳಿದ್ರೆ ಆ ಮನುಷ್ಯ ತುತ್ತು ಬಿಟ್ಟು ಎದ್ದು ಟೈರ್ ತರೋಕೆ ಓಡ್ತಿದ್ದ."

"ಅದಕ್ಕೇ ಹೇಳಲಿಲ್ಲ."

"ನೀನೆಂಥ ಪೆದ್ದ!"

"ಮಾರ್ಸೊನ ಅಳಿಯನಷ್ಟಲ್ಲ."

ಅವಳು ನಗಲಿಲ್ಲ. ಎದುರಿಗೆ ಗೋಧಿಯ ಅಂಚಿನಿಂದ ಎರಡು ಮೊನೆಗಳು ಮೇಲೆದ್ದಿದ್ದವು, ಒಂದು ಎತ್ತರ, ಒಂದು ಗಿಡ್ಡ. ಊರು ಎಲ್ಲೂ ಕಾಣುತ್ತಿರಲಿಲ್ಲ. ಗೋಪುರಗಳು ನೇರವಾಗಿ ತೆನೆಯೊಳಗಿಂದಲೇ ಬೆಳೆದಂತಿದ್ದವು. "ಅಗೋ," ಎಂದಳು ಅವಳು, ಸಿಟ್ಟನ್ನು ಮರೆತು. ರೆಜಿಸ್ ತಲೆಯನ್ನು ನಿಧಾನವಾಗಿ ಅತ್ತಿತ್ತ ಆಡಿಸಿ ಅವನ್ನು ಹುಡುಕಿದ. ಸಿಕ್ಕವು. ಆ ದೂರದಲ್ಲಿ ಎರಡೂ ಒಟ್ಟಿಗೆ ಕಂಡವು. ಅವನು ಕತ್ತು ಅಲುಗಿಸದೆ ಕೂತ. ರಸ್ತೆ ತಿರುಗಿತು, ಕಳೆದುಹೋದವು. ಮತ್ತೆ ಹುಡುಕಿದ. ಊರಿನ ಅಂಚಿನಲ್ಲಿ ರಸ್ತೆ ಅಗೆದಿದ್ದರು. ಬಳಸುದಾರಿಯ ಹಳದಿ ಹಲಗೆಗಳು ಅವರನ್ನು ಒಂದೇ ವೃತ್ತಕ್ಕೆ ಮೂರು ಸಲ ತಂದು ಬಿಟ್ಟವು. ಗೋಪುರಗಳು ಎಡಕ್ಕೆ ಬಂದವು, ಬಲಕ್ಕೆ ಬಂದವು, ಒಮ್ಮೆ ಹಿಂದೆಯೂ ಹೋದವು.

ಅವರು ಒಳಗೆ ಕಾಲಿಟ್ಟಾಗ ಆರು ದಾಟಿತ್ತು. ಹೊರಗಿನ ಬಿಸಿಲಿನಿಂದ ಬಂದ ರೆಜಿಸ್‌ಗೆ ಏನೂ ಕಾಣಲಿಲ್ಲ. ಕಲ್ಲಿನ ತಂಪು, ಮೇಣದ ವಾಸನೆ, ಮತ್ತು ತಲೆಯ ಮೇಲೆ ಬಹಳ ಎತ್ತರಕ್ಕೆ ಹೋಗಿ ತಡವಾಗಿ ಮರಳುವ ಕಾಲಸಪ್ಪಳ. ಅಕ್ಕನ ಮೊಣಕೈ ಹಿಡಿದು ಬಡಗಣ ಬಾಗಿಲಿಗೆ ಹೋದ. ಬೆನ್ನು ಬಾಗಿಲಿನ ಮರಕ್ಕೆ ತಾಕುವವರೆಗೆ ಹಿಂದೆ ಸರಿದ. ತಲೆ ಎತ್ತಿದ.

ತೆಂಕಣ ಗುಲಾಬಿಯಿಂದ ಬಿಸಿಲು ಯಾವಾಗಲೋ ಹೊರಟುಹೋಗಿತ್ತು. ಗಾಜು ಆರಿದ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಅವನು ಬಹಳ ಹೊತ್ತು ನೋಡಿದ.

"ಸ್ವಲ್ಪನಾದ್ರೂ ಕಾಣುತ್ತಾ?" ಎಂದಳು ಕ್ಲೊತಿಲ್ದ್.

"ಬೆಳಕಿನ ಮಾತು ಬಿಡು. ಅದು ಕಂಡೀಲಿ ಹಿಡೀತಾ ಇಲ್ಲ." ಅವನ ದನಿ ಪಾಠ ಹೇಳುವಾಗಿನಂತೆ ಸಮವಾಗಿತ್ತು. "ಎಡಗಡೆ ನೋಡಿದ್ರೆ ಬಲಗಡೆ ಅಂಚು ಹೋಗುತ್ತೆ. ನನ್ನ ಲೆಕ್ಕ ಏಪ್ರಿಲಿಂದು. ಹನ್ನೆರಡಕ್ಕೆ ಬಂದಿದ್ರೂ ಇಷ್ಟೇ ಆಗ್ತಿತ್ತು. ಮೊಲ ತಿಂದಿದ್ದೇ ಲಾಭ. ನಡಿ, ಹೋಗೋಣ."

ಅವಳು ಅವನನ್ನು ಪಡುವಣ ಹೆಬ್ಬಾಗಿಲ ಕಡೆ ಕರೆದುಕೊಂಡು ನಡೆದಳು. ಎರಡು ಬದಿಗೂ ಹುಲ್ಲು ಹೆಣೆದ ಕುರ್ಚಿಗಳ ಸಾಲು. ಅವನು ಎಡವಬಾರದೆಂದು ತಲೆ ತಗ್ಗಿಸಿ, ಕಾಣದ ನೆಲವನ್ನೇ ನೋಡುತ್ತ ಬಂದ. ಬಾಗಿಲು ಹತ್ತಿರವಾದಾಗ ಅವಳು ನಿಂತಳು.

"ರೆಜಿಸ್, ತಲೆ ಎತ್ತು."

"ಏನಿದೆ?"

"ಎತ್ತು ಅಂದೆ."

ಎತ್ತಿದ. ಕಂಡಿಯೊಳಗೆ ನೀಲಿಯ ಒಂದು ತುಂಡು ಬಂತು. ಇಂಥ ನೀಲಿಯ ತರಂಗಾಂತರ ಎಷ್ಟೆಂದು ಇಪ್ಪತ್ತೈದು ವರ್ಷ ಕಲಿಸಿದವನು ಬಾಯಿ ತೆರೆದು ನಿಂತ. ನೀಲಿಯ ಪಕ್ಕಕ್ಕೆ ಕೆಂಪು, ಕೆಂಪಿನ ಪಕ್ಕಕ್ಕೆ ಒಬ್ಬ ದೇವದೂತನ ಹೆಗಲು, ಅವನ ತುತ್ತೂರಿ. ಪಡುವಣ ಗೋಡೆಯ ಗುಲಾಬಿ ಸಂಜೆಯ ಬಿಸಿಲು ಕುಡಿದು ಉರಿಯುತ್ತಿತ್ತು. ಇರುಳಾದರೆ ಹೆಜ್ಜೆ ಇಡಲಾರದ ತನಗೆ ಸಂಜೆಯ ಕಿಟಕಿ ಆಗುವುದಿಲ್ಲವೆಂದು ಅವನು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಅಕ್ಕಾ, ನನ್ನ ಹಿಂದೆ ನಿಲ್ಲು. ಹೆಗಲು ಹಿಡ್ಕೊ. ನಾನು ತಿರುಗಲ್ಲ, ಹಿಂದಕ್ಕೇ ನಡೀತೀನಿ."

ಅವಳು ಹಿಡಿದಳು. ಅವನು ಗುಲಾಬಿಯಿಂದ ಕಣ್ಣು ಕೀಳದೆ ಒಂದೊಂದೇ ಹೆಜ್ಜೆ ಹಿಂದೆ ಹಾಕಿದ. ದೂತನ ಪಕ್ಕಕ್ಕೆ ಇನ್ನೊಬ್ಬ ದೂತ ಬಂದ. ಗಾಜಿನ ಚಿತ್ರದಲ್ಲಿ ಸತ್ತವರು ಗೋರಿಯ ಮುಚ್ಚಳ ತೆಗೆದು ಏಳುತ್ತಿದ್ದರು. ಅಷ್ಟರಲ್ಲಿ ಅವನ ಕಾಲು ಕುರ್ಚಿಯೊಂದಕ್ಕೆ ತಾಗಿ ಅದು ಉರುಳಿತು. ಸದ್ದು ಇಡೀ ಕಟ್ಟಡವನ್ನು ಸುತ್ತಿ ಬಂತು. ಕೀಲಿಗೊಂಚಲು ಹಿಡಿದ ಕಾವಲಿನ ಹೆಂಗಸು ಸರಸರನೆ ಬಂದಳು.

"ಏನ್ರೀ ಇದು, ಹೀಗೆ ಹಿಂದೆಹಿಂದೆ ನಡೆಯೋದು? ಬಿದ್ದರೆ ಯಾರು ಹೊಣೆ? ನಮಗೂ ಬಾಗಿಲು ಹಾಕೋ ಹೊತ್ತಾಯ್ತು."

ಕ್ಲೊತಿಲ್ದಳ ಕೈ ಅವನ ಹೆಗಲ ಮೇಲೆ ಬಿಗಿಯಾಯಿತು. ರೆಜಿಸ್ ಮೇಲೆ ನೋಡುತ್ತಲೇ ಇದ್ದ.

"ನನಗೆ ಕಣ್ಣು ಹೋಗ್ತಾ ಇದೆ, ಅಮ್ಮಾ," ಎಂದ. "ಸಣ್ಣ ಕಂಡೀಲಿ ನೋಡಿದ ಹಾಗೆ ಕಾಣೋದು. ಅದು ಪೂರ್ತಿ ಹಿಡಿಯೋವರೆಗೂ ನಾನು ಹಿಂದೆ ಹೋಗ್ಬೇಕು."

ಹೆಂಗಸು ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಕೀಲಿಗೊಂಚಲನ್ನು ಜೇಬಿಗೆ ಹಾಕಿಕೊಂಡಳು. ಬಿದ್ದ ಕುರ್ಚಿಯನ್ನು ಎತ್ತಿಟ್ಟು, ಅವರ ಬೆನ್ನ ಹಿಂದೆ ಹೋಗಿ, ನಡುದಾರಿಗೆ ಚಾಚಿಕೊಂಡಿದ್ದ ಕುರ್ಚಿಗಳನ್ನು ಒಂದೊಂದಾಗಿ ಒಳಕ್ಕೆ ಸರಿಸುತ್ತ ನಡೆದಳು. "ಬನ್ನಿ," ಎಂದಳು ತಗ್ಗಿದ ದನಿಯಲ್ಲಿ. "ಇಲ್ಲಿ ನೆಲ ಸಮ ಇದೆ. ಬನ್ನಿ."

ಕತ್ತಲಲ್ಲಿ ಕಂಬಗಳಿರಲಿಲ್ಲ, ಕಮಾನಿರಲಿಲ್ಲ, ನೆಲವೂ ಇರಲಿಲ್ಲ. ಆ ಬೆಳಕೊಂದು ತೇಲುತ್ತಿತ್ತು, ಅವನು ದೂರವಾದಷ್ಟೂ ತುಂಬಿಕೊಳ್ಳುತ್ತಿತ್ತು. ಎಸಳುಗಳ ಒಳಸುತ್ತು ಪೂರ್ತಿಯಾಯಿತು. ಮುಂದಿನದು ಬಂತು. ಮೇಲಿನ ಅಂಚು ಸಿಕ್ಕಿತು, ಕೆಳಗಿನದು ಇನ್ನೂ ಇಲ್ಲ. ಎಡ ಬಂತು. ಕಟ್ಟಡದ ನಡುಮಧ್ಯದ ಹತ್ತಿರ, ಪೂಜೆಯ ಕಟ್ಟೆಗೆ ಮೂರು ಹೆಜ್ಜೆ ಇದೆಯೆನ್ನುವಾಗ, ಅವನ ಹೆಗಲುಗಳು ನಿಂತವು.

ಕ್ಲೊತಿಲ್ದ್ ಕಾದಳು. ಕಾವಲಿನ ಹೆಂಗಸೂ ಒಂದು ಕುರ್ಚಿಯ ಬೆನ್ನು ಹಿಡಿದು ನಿಂತು, ದಿನಾ ನೋಡುವ ಕಿಟಕಿಯನ್ನು ನೋಡಿದಳು.

"ಬಂತಾ?" ಎಂದು ಕ್ಲೊತಿಲ್ದ್ ಬಹಳ ಹೊತ್ತಿನ ಮೇಲೆ ಕೇಳಿದಳು.

"ಬಂತು. ಸುತ್ತಲೂ ಒಂದು ಎಳೆ ಗೋಡೆಯ ಕತ್ತಲು ಕೂಡ ಇದೆ." ಅವನ ಮುಖ ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳಲು ಕೈ ಎತ್ತಿದರೆ ಗುಲಾಬಿ ಮರೆಯಾಗುತ್ತದೆಂದು ಹಾಗೇ ಬಿಟ್ಟಿದ್ದ. "ನನ್ನ ಹಿಂದೆ ಇನ್ನೂ ಜಾಗ ಇದೆಯಾ ಅಕ್ಕಾ?"

"ಇದೆ. ಕೊನೇಲಿ ಬಿಳೀ ವಿಗ್ರಹ ಕಾಣುತ್ತೆ."

"ಎಷ್ಟಿದೆ? ಅಕ್ಟೋಬರಿಗೆ ಬಂದ್ರೆ ಸಾಲುತ್ತಾ?"

ಜನರ ಮನೆಗಳಲ್ಲಿ ಅಡುಗೆಮನೆಯ ಕಪಾಟು ಕೂರಿಸುವುದು ಅವಳ ಕಸುಬು. ಅಂಗೈಯಗಲದ ಲೇಸರ್ ಅಳತೆಯಂತ್ರ ಚೀಲದಲ್ಲೇ ಇತ್ತು. ಕಾವಲಿನ ಹೆಂಗಸಿನ ಕಡೆ ನೋಡಿದಳು. ಹೆಂಗಸು ತಲೆಯಾಡಿಸಿದಳು. ಒಂದು ಕೈಯನ್ನು ತಮ್ಮನ ಹೆಗಲ ಮೇಲೇ ಬಿಟ್ಟು, ಕ್ಲೊತಿಲ್ದ್ ಮೂಡಣಕ್ಕೆ ತಿರುಗಿ ಗುಂಡಿ ಒತ್ತಿದಳು. ಕತ್ತಲೆಯಾಚೆ ವಿಗ್ರಹದ ಅಮೃತಶಿಲೆಯ ನೆರಿಗೆಗಳ ನಡುವೆ ಸಾಸಿವೆಕಾಳಿನಷ್ಟು ಕೆಂಪು ಚುಕ್ಕಿ ಮೂಡಿ, ಸ್ವಲ್ಪ ನಡುಗಿ, ನಿಂತಿತು.

"ಮೂವತ್ತೆಂಟು ಮೀಟರ್," ಎಂದಳು.