ಅಕ್ಕನ ಓರೆಹಲ್ಲು

ಇನ್ನೂ ಇದೆ, ಹೋಗಿಲ್ಲ, ಮೇಲಿನ ಸಾಲಿನ ಓರೆಹಲ್ಲಿನ ತುದಿಯಲ್ಲಿ ಸಾಸಿವೆಕಾಳಿನಷ್ಟು ನೀಲಿ ಚುಕ್ಕೆ, ಈಗಷ್ಟೇ ಉಜ್ಜಿದ ಜಾಗದಲ್ಲೇ ಮತ್ತೆ ಬಂದು ಕುಳಿತಿದೆ, ಹೋಗು ಎಂದರೂ ಹೋಗದ ನೆಂಟನ ಹಾಗೆ, ಹಲ್ಲಿನ ಸೆಟ್ಟನ್ನು ಕಿಟಕಿಯ ಬಿಸಿಲಿಗೆ ಹಿಡಿದು ಅವನು ಕಣ್ಣು ಕಿರಿದು ಮಾಡುತ್ತಾನೆ, ಬಿಸಿಲು ಚೆನ್ನಾಗಿದೆ ಇವತ್ತು, ಊಟ ಮುಗಿದ ಹೊತ್ತಿನ ಸೋಮಾರಿ ಬಿಸಿಲು, ಮೇಜಿನ ಮೇಲೆ ಉದುರಿದ ಗುಲಾಬಿ ಪುಡಿ ಕೂಡ ಚಂದ ಕಾಣುತ್ತದೆ, ಬೆನ್ನ ಹಿಂದೆ ಸ್ಟೂಲಿನ ಮೇಲೆ ಅಕ್ಕ, ಬೊಚ್ಚುಬಾಯಿ ಮುಚ್ಚಿಕೊಂಡು, ನೆಲಕ್ಕೆ ತಾಗದ ಕಾಲು ಆಡಿಸುತ್ತಾ, ಏನೋ ಗುನುಗುತ್ತಾ — ಆದರೆ ಏನೂ ಹೇಳದೆ. ಅದೇ ಅವನ ಹೆದರಿಕೆ. ಬೆಳಿಗ್ಗೆ ಪಕ್ಕದ ಕೋಣೆಯಲ್ಲಿ ಡಾಕ್ಟರಮ್ಮ ಹೊಸ ಸೆಟ್ಟನ್ನು ಅಕ್ಕನ ಬಾಯಿಗೆ ಕೂರಿಸಿ, ವಸಡು ಒತ್ತಿ ನೋಡಿ, ಚೆನ್ನಾಗಿ ಕೂತಿದೆ, ಇನ್ನು ಸಣ್ಣಪುಟ್ಟ ಉಜ್ಜೋದು ನೀವೇ ಮಾಡ್ಕೊಳ್ಳಿ, ನಿಮ್ಮಕ್ಕ ತಾನೇ, ಅಂದಾಗಿನಿಂದಲೂ ಅಕ್ಕ ಬಾಯಿ ಬಿಟ್ಟಿಲ್ಲ, ಬಿಡು ಅಂದಾಗ ಬಿಟ್ಟಿದ್ದಾಳೆ, ಕಚ್ಚು ಅಂದಾಗ ಕಚ್ಚಿದ್ದಾಳೆ, ನೀಲಿ ಕಾಗದ ಹಲ್ಲಿನ ನಡುವೆ ಇಟ್ಟು ಟಕ್ ಟಕ್, ಎಲ್ಲಿ ಎತ್ತರವೋ ಅಲ್ಲಿ ನೀಲಿ ಹತ್ತುತ್ತದೆ, ಆ ನೀಲಿಯನ್ನಷ್ಟೇ ಉಜ್ಜಬೇಕು, ಮತ್ತೆ ಕಾಗದ, ಮತ್ತೆ ಟಕ್ ಟಕ್, ಒಂದು ಕಡೆ ತಗ್ಗಿಸಿದರೆ ಇನ್ನೊಂದು ಕಡೆ ಎತ್ತರ, ಇಪ್ಪತ್ತೈದು ವರ್ಷದಿಂದ ಅವನು ಮಾಡುತ್ತಿರುವುದು ಇದನ್ನೇ. ಏನು ಕೆಲಸ ಅಂತ ಕೇಳಿದವರೆಲ್ಲ, ಕಟ್ಟುಹಲ್ಲು ಮಾಡೋದು ಅಂದರೆ, ತಾವೇ ಈಗ ಕಂಡುಹಿಡಿದವರ ಹಾಗೆ, ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ, ಅವನೂ ಮೊದಲ ಸಲ ಕೇಳಿದವನ ಹಾಗೆ ನಗುತ್ತಾನೆ. ಕನ್ನಡಿ ಗೋಡೆಯ ಮೊಳೆಗೆ ನೇತಾಡುತ್ತಿದೆ, ಅಕ್ಕ ಅದನ್ನು ಕೇಳಿಲ್ಲ, ಅವನೂ ಕೊಟ್ಟಿಲ್ಲ.

ಚುಕ್ಕೆ. ಎಲ್ಲ ಶುರುವಾದದ್ದು ಅವನಿಗೆ ಐವತ್ತು ತುಂಬಿದ ಮೇಲೆ, ಅಲ್ಲಿಯವರೆಗೆ ಬದುಕು ನಡೆದುಕೊಂಡು ಹೋಗುತ್ತಿತ್ತು, ಯಾರೂ ದೂರಿರಲಿಲ್ಲ, ಒಂದು ಬೆಳಿಗ್ಗೆ ಗಡ್ಡ ಕೆರೆಯುತ್ತಾ ನಿಂತವನಿಗೆ ಯಾರೋ ಇಡೀ ಬದುಕಿನ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿದ ಹಾಗಾಯಿತು, ನೋಡಿದಲ್ಲೆಲ್ಲ ನೀಲಿ, ಹೊಟ್ಟೆ ಮುಂದೆ ಬಂದಿದೆ, ಸಿಟ್ಟು ಮೂಗಿನ ತುದಿಯಲ್ಲಿದೆ, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ, ಮಗಳ ಜೊತೆ ಕೂತು ಮಾತಾಡಿ ಎಷ್ಟು ದಿನವಾಯಿತು, ಪುಸ್ತಕ ಓದಿ ಯಾವ ಕಾಲವಾಯಿತು, ಗಿಟಾರ್ ಅಟ್ಟದ ಮೇಲೆ ಧೂಳು ತಿನ್ನುತ್ತಿದೆ, ಅಟ್ಟವಂತೂ ಕೇಳಲೇಬೇಡಿ, ಎಲ್ಲವನ್ನೂ ಸರಿ ಮಾಡಬೇಕು, ಈ ವರ್ಷವೇ, ಈ ತಿಂಗಳೇ, ನಾಳೆಯಿಂದಲೇ. ಇವತ್ತು ಊಟ ಮಾಡಿ ಮಲ್ಕೊಳ್ಳಿ, ನಾಳೆಯಿಂದ ಉದ್ಧಾರ ಆಗೋರಂತೆ, ಅಂದಳು ಹೆಂಡತಿ, ಅವನ ಆರಂಭಶೂರತನವನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು. ಓಡಿದ, ಮಂಡಿ ಹಿಡಿಯಿತು, ಮಂಡಿಗೆ ವ್ಯಾಯಾಮ ಬೇಕು, ವ್ಯಾಯಾಮಕ್ಕೆ ಇನ್ನೂ ಬೇಗ ಏಳಬೇಕು, ಬೇಗ ಎದ್ದರೆ ಮಧ್ಯಾಹ್ನ ತೂಕಡಿಕೆ, ತೂಕಡಿಸಿದರೆ ಸಂಜೆ ಸಿಡುಕು, ಸಿಡುಕಿದ ಮೇಲೆ ಮಗಳ ಹತ್ತಿರ ಹೋಗಿ ಕ್ಷಮೆ ಕೇಳುವುದು, ಅವಳ ಕಷ್ಟಸುಖವನ್ನು ಉಪದೇಶ ಮಾಡದೆ ಕೇಳುವುದು, ಅವಳೇ ಕೈ ಮುಗಿದಳು, ಅಪ್ಪಾ, ಮೊದಲಿನ ಹಾಗೆ ಸುಮ್ನೆ ಬೈದ್ಬಿಡು, ಈ ಕೇಳಿಸ್ಕೊಳ್ತಿರೋ ಮುಖ ಮಾತ್ರ ಮಾಡ್ಬೇಡ, ನಂಗೆ ಭಯ ಆಗುತ್ತೆ. ಫೋನಿನೊಳಗಿನ ಹೆಂಗಸು ಪರಭಾಷೆ ಕಲಿಸುತ್ತಾಳೆ, ನಿಲ್ದಾಣ ಎಲ್ಲಿದೆ, ನನ್ನ ಚಿಕ್ಕಪ್ಪನ ಬೆಕ್ಕು ಕಪ್ಪಗಿದೆ, ಅವನಿಗೆ ಚಿಕ್ಕಪ್ಪನೂ ಇಲ್ಲ ಬೆಕ್ಕೂ ಇಲ್ಲ, ಗಿಟಾರಿನ ತಂತಿ ಒತ್ತಿ ಬೆರಳೆಲ್ಲ ಬೊಬ್ಬೆ, ಬೊಬ್ಬೆಯ ಬೆರಳಿಗೆ ಹಲ್ಲು ಕೂರಿಸುವ ಮೇಣದ ಕೆಲಸ ಒಗ್ಗದು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೋದ ತಿಂಗಳು ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಒಂದು ಕಾಲಿಗೆ ಶೂ ಹಾಕಿದ್ದ, ಇನ್ನೊಂದನ್ನು ಹಾಕುವ ಮೊದಲು ನಲ್ಲಿಯ ಸದ್ದು, ನಲ್ಲಿಯತ್ತ ಹೊರಟವನಿಗೆ ಗಿಟಾರ್ ಕಂಡಿತು, ಗಿಟಾರಿಗೆ ಕೈ ಚಾಚಿದರೆ ಫೋನು ಟಿಣ್ ಅಂತು, ಚಿಕ್ಕಪ್ಪನ ಬೆಕ್ಕು ಕಾಯುತ್ತಿದೆ, ಅವನು ನಡುಮನೆಯ ನೆಲದ ಮೇಲೆ ಕುಳಿತೇಬಿಟ್ಟ, ಯಾವುದರಿಂದ ಶುರುಮಾಡಲಿ, ಯಾವುದನ್ನು ಬಿಡಲಿ, ಅಳು ಬರುವಂತಾಯಿತು, ನಿಜ ಹೇಳಬೇಕೆಂದರೆ ಸ್ವಲ್ಪ ಬಂದೂಬಿಟ್ಟಿತು. ಹೆಂಡತಿ ಎದ್ದು ಬಂದು ನೋಡಿದಳು, ಇನ್ನೊಂದು ಕಾಲು ಏನ್ರೀ ಪಾಪ ಮಾಡ್ತು ಅಂದಳು, ಆಮೇಲೆ ಕಣ್ಣು ನೋಡಿ ಅವಳೂ ಪಕ್ಕದಲ್ಲಿ ಕುಳಿತಳು, ಇಬ್ಬರೂ ನಲ್ಲಿ ತೊಟ್ಟಿಕ್ಕುವುದನ್ನು ಕೇಳುತ್ತಾ ಕುಳಿತರು, ಹಿತವಾಗಿತ್ತು ಅದು, ಯಾಕೋ ತುಂಬಾ ಹಿತವಾಗಿತ್ತು.

ಹಿತ ಅಂದರೆ ಅಕ್ಕನ ನಗು. ಸಿನಿಮಾ ಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ಅವಳದು, ಪ್ರತಿ ಚಿತ್ರವನ್ನೂ ಕಂಠಪಾಠ ಆಗುವಷ್ಟು ನೋಡಿದ್ದಳು, ಹಾಗಾಗಿ ಕತ್ತಲಲ್ಲಿ ತೆರೆಯ ಮೇಲೆ ನಗೆಮಾತು ಬರುವ ಮೊದಲೇ ಅವಳ ನಗು ಬರುತ್ತಿತ್ತು, ಓಹೋ ಈಗ ನಗಬೇಕು ಅಂತ ಜನ ತಯಾರಾಗುತ್ತಿದ್ದರು, ಬಾಯಿ ಪೂರಾ ತೆರೆದು, ತಲೆ ಹಿಂದಕ್ಕೆ ಹಾಕಿ, ಮುಂದಿನ ಆ ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲ ಮೇಲೆ ಏರಿ ಎಲ್ಲರಿಗಿಂತ ಮುಂದೆ ನಿಂತು ನೋಡುತ್ತಿತ್ತು. ವಸಡಿನ ಕಾಯಿಲೆ ಬಂದು ಒಂದೊಂದಾಗಿ ಎಲ್ಲ ಕೀಳಿಸಿದ ಮೇಲೆ ನಗು ಬಂದರೆ ಕೈ ಬಾಯಿಗೆ ಹೋಗುತ್ತದೆ, ಕೈಯ ಹಿಂದೆ ಏನಿದೆಯೋ ಯಾರಿಗೂ ಗೊತ್ತಾಗದು. ಅಳಬೇಡ, ನಾನಿದ್ದೀನಿ, ಇಪ್ಪತ್ತೈದು ವರ್ಷ ಊರವರ ಬಾಯಿ ತುಂಬಿಸಿದವನು ನಿನ್ನ ಬಾಯಿ ಬಿಡ್ತೀನಾ, ಅಂದಿದ್ದ ಅವನು, ಆಗ ಐವತ್ತರ ಹುಮ್ಮಸ್ಸು ನೆತ್ತಿಗೇರಿತ್ತು, ಎಲ್ಲದರಲ್ಲೂ ಮೊದಲಿಗಿಂತ ಉತ್ತಮ, ಹಲ್ಲಿನಲ್ಲೂ, ಮುತ್ತು ಪೋಣಿಸಿದ ಹಾಗೆ ನೇರ ಸಾಲು, ಬಿಳಿ ಅಂದರೆ ಬಿಳಿ, ಡಾಕ್ಟರಮ್ಮನೇ ಬೆರಗಾದರು. ಅಕ್ಕ ಕನ್ನಡಿ ಹಿಡಿದು ಬಾಯಿ ತೆರೆದಳು, ಅತ್ತ ನೋಡಿದಳು, ಇತ್ತ ನೋಡಿದಳು, ತುಂಬಾ ಚೆನ್ನಾಗಿದೆ ಕಣೋ ಪೀಚು, ಈ ಬಾಯಿ ಯಾರದು? ಅಂದಳು. ಐವತ್ತು ದಾಟಿ ಹೊಟ್ಟೆ ಬಂದವನನ್ನು ಇನ್ನೂ ಪೀಚು ಅನ್ನುವವಳು ಅವಳೊಬ್ಬಳೇ, ತಮಾಷೆ ಅಂದುಕೊಂಡು ಅವನು ನಕ್ಕ, ಅವಳು ನಗಲಿಲ್ಲ, ಆ ಸೆಟ್ಟು ಅವಳ ಬೀರುವಿನಲ್ಲಿ ನೀರಿನ ಲೋಟದೊಳಗೆ ತಾನೊಂದೇ ನಗುತ್ತಾ ಕೂತಿದೆ, ಅವಳು ಕೈಯ ಹಿಂದೆ.

ಟಕ್ ಟಕ್, ಬೀದಿಯಲ್ಲಿ ಯಾರೋ ಕೋಲೂರಿ ಹೋಗುತ್ತಿದ್ದಾರೆ, ಅಕ್ಕನ ಗುನುಗು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಈ ಎರಡನೇ ಸೆಟ್ಟಿನಲ್ಲಿ ಓರೆಹಲ್ಲನ್ನು ಓರೆಯಾಗಿಯೇ ಇಡಬೇಕೆಂದು ಕೂತಾಗ ಗೊತ್ತಾಯಿತು, ಎಷ್ಟು ಓರೆ, ಯಾವ ಕಡೆಗೆ, ಒಂದೂ ನೆನಪಿಲ್ಲ, ಹಳೆಯ ಫೋಟೋಗಳಲ್ಲೆಲ್ಲ ಅಕ್ಕ ಅಲುಗಾಡಿದ್ದಾಳೆ, ನಗುವವಳನ್ನು ಹಿಡಿದಿಡುವ ಕ್ಯಾಮೆರಾ ಆ ಕಾಲದಲ್ಲಿ ಅವರ ಮನೆಗೆ ಬಂದಿರಲಿಲ್ಲ. ನೆನಪಿಗೆ ಬಂದದ್ದು ಬಾಯಲ್ಲ, ಸೇಬು. ಅಮ್ಮನಿಗೆ ಹೊಲಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ಅವನನ್ನು ಶಾಲೆಗೆ ಬಿಡುವವಳು ಅಕ್ಕ, ಇಬ್ಬರಿಗೂ ಸೇರಿ ಒಂದು ಸೇಬು, ಅವನ ಹಾಲುಹಲ್ಲು ಮುಂದಿನವೆರಡೂ ಬಿದ್ದಿವೆ, ಸಿಪ್ಪೆಗೆ ವಸಡು ತಾಗಿಸಿ ಜಾರಿಸಿ ಜಾರಿಸಿ ಅಳುತ್ತಾನೆ, ಕೊಡು ಇಲ್ಲಿ ಪೀಚು, ಅಕ್ಕ ಕಸಿದುಕೊಂಡು ಕರಕ್ ಅಂತ ಒಂದು ದೊಡ್ಡ ತುಂಡು ಕಚ್ಚಿ, ಬಾಯಿ ತುಂಬ ಇಟ್ಟುಕೊಂಡೇ, ಬಾಗ್ಲು ತೆಗ್ದಿದೀನಿ, ಇಲ್ಲಿಂದ ಒಳಗೆ ಹೋಗು, ಅನ್ನುತ್ತಾಳೆ, ಮುಂದೆ ಅವಳು ನಡೆಯುತ್ತಾಳೆ, ಹಿಂದೆ ಅವನು, ಮೂಗಿಗೆ ಹತ್ತಿರ ಬಿಳಿ ತಿರುಳು, ತಿರುಳಿನ ಮೇಲೆ ಅವಳ ಹಲ್ಲಿನ ಸಾಲು ಗುರುತು, ಸಾಲಿನ ನಡುವೆ ಒಂದು ಓರೆ ಗೀರು, ಬಾಗಿಲ ಚಿಲಕದ ಹಾಗೆ, ತಿನ್ನುವ ಮೊದಲು ಅವನು ಆ ಗೀರಿಗೆ ನಾಲಿಗೆ ತಾಗಿಸಿ ನೋಡುತ್ತಿದ್ದ, ದಿನಾ, ಶಾಲೆಯ ಗೇಟು ಬರುವವರೆಗೂ. ಅಷ್ಟು ವರ್ಷವಾದರೂ ನಾಲಿಗೆ ಮರೆತಿರಲಿಲ್ಲ. ಮೇಣದ ಹಾಳೆಗೆ ಹೊಸ ಸಾಲನ್ನು ಒತ್ತಿ ನೋಡಿದ, ಗೀರು ಸಾಲದು, ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿದ, ಒತ್ತಿದ, ಹೆಚ್ಚಾಯಿತು, ಮತ್ತೆ ಹಿಂದಕ್ಕೆ, ಆ ಎರಡು ವಾರ ಓಡಲು ಹೋಗಲಿಲ್ಲ, ಗಿಟಾರ್ ಮುಟ್ಟಲಿಲ್ಲ, ಬೆಕ್ಕಿನ ಬಣ್ಣ ಮರೆತೇಹೋಯಿತು, ಯಾರನ್ನೂ ಬೈಯಲಿಲ್ಲ ಅನ್ನುವುದು ಅವನಿಗೆ ಈಗ, ಈ ಬಿಸಿಲಲ್ಲಿ, ಥಟ್ಟನೆ ಹೊಳೆಯುತ್ತದೆ, ಬೈಯಬಾರದು ಅಂತ ನೆನಪೇ ಇರಲಿಲ್ಲವಲ್ಲ.

ಆದರೆ ಚುಕ್ಕೆ. ಓರೆಯಾಗಿ ನಿಂತದ್ದಕ್ಕೇ ಅದು ಕೆಳಗಿನ ಹಲ್ಲಿಗೆ ತಾಗುತ್ತಿದೆ, ಉಜ್ಜಿದರೆ ಹೋದೀತು, ಚುಕ್ಕೆಯ ಜೊತೆಗೆ ತುದಿಯೂ ಹೋದೀತು, ತುದಿ ಹೋದರೆ ಗೀರೆಲ್ಲಿ, ಗೀರು ಹೋದರೆ ಮತ್ತೆ ಅದೇ ಮುತ್ತಿನ ಸಾಲು, ಮತ್ತೆ ಯಾರದು. ಆದರೂ ಕೈ ಉಜ್ಜುವ ಮೋಟಾರಿನ ಗುಂಡಿಯ ಮೇಲಿದೆ, ಗುಂಯ್ ಅನ್ನುತ್ತಿದೆ ಮೋಟಾರು, ಕೈಗೆ ಬೇರೇನೂ ತಿಳಿಯದು, ನೀಲಿ ಕಂಡರೆ ಉಜ್ಜು, ಉಜ್ಜುತ್ತಿರುವಷ್ಟು ಹೊತ್ತೂ ಅಕ್ಕನನ್ನು ಹೇಗಿದೆ ಅಂತ ಕೇಳಬೇಕಾಗಿಲ್ಲ, ಅದಕ್ಕೇ ತಾನೇ ಬೆಳಿಗ್ಗೆಯಿಂದ ಉಜ್ಜುತ್ತಿರುವುದು, ಕೆರೆದು ಹುಣ್ಣು ಮಾಡಿಕೊಳ್ಳುವುದು ಅಂದರೆ ಇದೇ. ಕೆಲಸ ಕಲಿಸಿದ ಮೇಷ್ಟ್ರು ಹೀಗೇ ಕಿಟಕಿಗೆ ಹಿಡಿದು ನೋಡಿ ಬೆನ್ನಿಗೆ ಗುದ್ದುತ್ತಿದ್ದರು, ಲೋ ಮಂಕೇ, ನೀಲಿ ಒಂದೂ ಇರ್ಬಾರ್ದು ಅಂತ ಹೊರಟ್ರೆ ಹಲ್ಲೇ ಇರಲ್ಲ, ಮೇಲಿಂದೂ ಕೆಳಗಿಂದೂ ಒಂದಕ್ಕೊಂದು ತಾಗಬೇಕೋ ಬೇಡವೋ, ಗಾಢ ಇದ್ರೆ ಉಜ್ಜು, ಸವರಿದ ಹಾಗಿದ್ರೆ ಕೈ ತೆಗಿ. ಸವರಿದ ಹಾಗಿದೆ. ತೆಳ್ಳಗೆ, ಆಕಾಶದ ಬಣ್ಣಕ್ಕೆ. ಬೆಳಿಗ್ಗೆಯಿಂದ ಹೀಗೇ ಇತ್ತೇ? ಕೊಡೋ ಅದನ್ನ ಇಲ್ಲಿ, ಎಷ್ಟು ಅಂತ ಕೆರೀತೀಯ, ಹಸಿವಾಗ್ತಿದೆ ನಂಗೆ, ಅಕ್ಕನ ಕೈ ಹೆಗಲ ಮೇಲಿಂದ ಬಂದಿದೆ, ಅವನು ಗುಂಡಿಯಿಂದ ಬೆರಳು ತೆಗೆಯುತ್ತಾನೆ, ಗುಂಯ್ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತುಹೋಗುತ್ತದೆ.

ತೊಳೆದುಕೊಡಲೂ ಬಿಡಲಿಲ್ಲ ಅವಳು, ಕಸಿದು ಬಾಯಿಗೆ ಕೂರಿಸಿಕೊಂಡಳು, ಮೇಲಿನದು, ಕೆಳಗಿನದು, ಕೆನ್ನೆ ತುಂಬಿ ಮುಖ ಒಮ್ಮೆಗೇ ಮೇಲೆದ್ದಿತು, ಕಣ್ಣು ಮಾತ್ರ ಬೇರೆಲ್ಲೋ ಹುಡುಕುತ್ತಿದೆ, ಕಿಟಕಿಯ ಹತ್ತಿರದ ಅವನ ಚೀಲ, ಚೀಲದೊಳಗೆ ಹೊಟ್ಟೆ ಇಳಿಸಲೆಂದು ತಂದು ನಾಲ್ಕು ದಿನದಿಂದ ತಿನ್ನದೆ ಉಳಿಸಿಕೊಂಡ ಸೇಬು, ಸಿಪ್ಪೆ ಸ್ವಲ್ಪ ಕಂದಿದೆ, ಅದನ್ನೆತ್ತಿಕೊಂಡು ಮತ್ತೆ ಸ್ಟೂಲು ಹತ್ತಿದಳು, ಅಕ್ಕಾ ಬೇಡ, ಮೊದಲ ದಿನ ಗಂಜಿಯಂಥದು ಏನಾದರೂ ತಿನ್ನಬೇಕು, ಡಾಕ್ಟರಮ್ಮ ಬೈತಾರೆ, ಬೈದ್ರೆ ನಿಂಗೆ ಬೈತಾರೆ, ನಂಗೇನು, ಕರಕ್. ಅಕ್ಕ ಅಗಿಯುವುದಿಲ್ಲ, ಕೈಯಲ್ಲಿರುವ ಸೇಬನ್ನು ಕಣ್ಣ ಹತ್ತಿರ ತರುತ್ತಾಳೆ, ದೂರ ಹಿಡಿಯುತ್ತಾಳೆ, ಬಿಸಿಲಿಗೆ ತಿರುಗಿಸುತ್ತಾಳೆ, ಗೋಡೆಯಲ್ಲಿ ಕನ್ನಡಿ ತನ್ನಷ್ಟಕ್ಕೆ ನೇತಾಡುತ್ತಿದೆ. ಬಂದ್ಯಾ, ಅನ್ನುತ್ತಾಳೆ ಅಕ್ಕ, ಅವನಿಗಲ್ಲ, ಸೇಬಿನ ಮೇಲಿನ ಗುರುತಿಗೆ, ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ — ನಗು ಬಂತು, ಮಾತು ಮುಗಿಯುವ ಮೊದಲೇ ಬಂತು, ಬಾಯಿ ಪೂರಾ ತೆರೆದು, ತಲೆ ಹಿಂದಕ್ಕೆ ಹೋಗಿ, ಎರಡು ಕೈಯೂ ಮಡಿಲಲ್ಲೇ ಇವೆ, ಒಂದೂ ಮೇಲೆ ಬರಲಿಲ್ಲ, ಪಕ್ಕದ ಕೋಣೆಯಲ್ಲಿ ಬಾಯಿ ತೆರೆದು ಮಲಗಿದ ಯಾರೋ ರೋಗಿಗೂ ನಗು ಹತ್ತಿಕೊಂಡಿತು, ಏನ್ರೀ ಅದು, ಅಂತ ಡಾಕ್ಟರಮ್ಮ ಕೂಗುತ್ತಿದ್ದಾರೆ, ಅವನ ಕಣ್ಣು ತುಂಬಿ ಬಿಸಿಲೆಲ್ಲ ಕದಡಿದೆ, ಖುಷಿಯಾಗಿದೆ ಅವನಿಗೆ, ಮನೆಯ ನಲ್ಲಿ ಈಗಲೂ ತೊಟ್ಟಿಕ್ಕುತ್ತಿರಬಹುದು, ತೊಟ್ಟಿಕ್ಕಲಿ, ಹಿಡ್ಕೋ, ಬಾಗ್ಲು ತೆಗ್ದಿದೀನಿ, ತಿನ್ನೋ ಪೀಚು, ಅಂಗೈಗೆ ಸೇಬು ಬಂದು ಕೂರುತ್ತದೆ, ಕಂದಿದ ಸಿಪ್ಪೆ, ಬಿಳಿ ತಿರುಳು, ತಿರುಳಿನ ಮೇಲೆ ಹಲ್ಲಿನ ಸಾಲು, ಸಾಲಿನ ನಡುವೆ ಓರೆ ಗೀರು, ಗೀರಿನ ತುದಿಯಲ್ಲಿ ಸಾಸಿವೆಕಾಳಿನಷ್ಟು ನೀಲಿ.