ಒಂದೇ ಬಿಸಿಲು ಕಂಡ ತೊಗರಿ

ಮಂಗಳವಾರ ಬೆಳಿಗ್ಗೆ ಆಳಂದದ ದಾಲಮಿಲ್ಲಿನ ಹಿಂದಿದ್ದ ಮಹಮ್ಮದನ ಗುಡಿಸಲನ್ನು ಮಿಲ್ಲಿನ ಆಳುಗಳು ಕೆಡವಿದರು. ಒಳಗೆ ಅವನ ಹೆಂಡತಿ ಜೈತುನಬಿ ರೊಟ್ಟಿ ಬಡಿಯುತ್ತಿದ್ದಳು. ತಗಡು, ಹಾಸಿಗೆ, ಹಿಟ್ಟಿನ ಪರಾತ ರಸ್ತೆಗೆ ಬಿದ್ದವು. ಮಹಮ್ಮದನನ್ನು ಗೋದಾಮಿನೊಳಗೆ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದರು.

ಹಿಂದಿನ ದಿನ ನಲವತ್ತು ಚೀಲ ತೊಗರಿ ಬೇಳೆಯಾಗುವ ಬದಲು ನುಚ್ಚಾಗಿ ಬಿದ್ದಿತ್ತು. ಅರ್ಧಕ್ಕರ್ಧ ಕಾಳು ಹೊಟ್ಟೂ ಬಿಟ್ಟಿರಲಿಲ್ಲ. ಮಿಲ್ಲಿನ ಕಲ್ಲು ಸವೆದಾಗ ಉಳಿ ಹಿಡಿದು ಹಲ್ಲು ಹೊಡೆಯುವವನು ಮಹಮ್ಮದ. ತಾಂಡೂರ ಕಡೆಯವನು, ಮನೆಯಲ್ಲಿ ತೆಲುಗು ಆಡುವವನು. ಇನ್ಯಾರು ಕೆಡಿಸಿರಬೇಕು?

ಬೇಳೆ ಹಸನು ಮಾಡುವ ಹೆಂಗಸರ ಮುಖಂಡಳು ಗೌರಾಬಾಯಿ ಕೂಡ ಹಾಗೇ ಅಂದುಕೊಂಡಳು. ನಿಜ ಹೇಳಬೇಕೆಂದರೆ ಅವಳ ಅನುಮಾನ ನಾಲ್ಕು ವರ್ಷ ಹಳೆಯದು. ಕಲ್ಲು ತಿರುಗಿಸುವ ಮೊದಲು ಮಹಮ್ಮದ ರಾಶಿಯಿಂದ ಒಂದು ಕಾಳು ಎತ್ತಿ ಹಲ್ಲಿನ ನಡುವೆ ಇಡುತ್ತಿದ್ದ. ಕಣ್ಣು ಮುಚ್ಚುತ್ತಿದ್ದ. ಆಮೇಲೆ ಏನೋ ಗೊಣಗಿ ಹೊರಗೆ ಹೋಗಿ ಉಗುಳಿ ಬರುತ್ತಿದ್ದ.

"ಮಂತ್ರ ಹಾಕ್ತಾನ ನೋಡ್ರಬೇ," ಅಂತ ಅವಳೇ ಮೊದಲು ಹೇಳಿದ್ದು.

ಅನುಮಾನಕ್ಕೆ ಆ ಮಿಲ್ಲಿನಲ್ಲಿ ಬರಗಾಲವಿರಲಿಲ್ಲ. ಉಮರ್ಗಾದಿಂದ ಬಂದ ಹೆಂಗಸರು ಬೇರೆ ಸಾಲಿನಲ್ಲಿ ಕೂತು ಬೇರೆ ಕೊಡದ ನೀರು ಕುಡಿಯುತ್ತಿದ್ದರು. ಅವರು ಮರಾಠಿಯಲ್ಲಿ ನಕ್ಕರೆ ಕನ್ನಡದ ಸಾಲು ಸೆರಗು ಸರಿಪಡಿಸಿಕೊಳ್ಳುತ್ತಿತ್ತು. ಜೈತುನಬಿ ಗಂಡನಿಗೆ ತೆಲುಗಿನಲ್ಲಿ ಒಂದು ಮಾತು ಹೇಳಿದರೆ ಎರಡೂ ಸಾಲು ಒಟ್ಟಿಗೆ ಕಿವಿ ನಿಮಿರಿಸುತ್ತಿದ್ದವು.

ಆದರೆ ಊರು ಬೆಳೆದದ್ದು ಇವರೆಲ್ಲ ಬಂದ ಮೇಲೆಯೇ. ಮೊದಲು ಆಳಂದದ ತೊಗರಿ ಇಡಿಯಾಗಿ ಲಾರಿ ಹತ್ತಿ ಸೋಲಾಪುರಕ್ಕೆ ಹೋಗುತ್ತಿತ್ತು. ಬೇಳೆಯಾಗಿ ತಿರುಗಿ ಬಂದು ಬೆಳೆದವನಿಗೇ ದುಬಾರಿಯಾಗುತ್ತಿತ್ತು. ಲಾತೂರಿನ ಮೆಕ್ಯಾನಿಕ ಬಂದು ಮಶೀನು ಕೂಡಿಸಿದ, ತಾಂಡೂರದವ ಕಲ್ಲು ಹೊಡೆದ, ಉಮರ್ಗಾದವರು ಮೊರ ಹಿಡಿದರು. ಎಂಬತ್ನಾಲ್ಕನೆಯ ಇಸವಿಯ ಹೊತ್ತಿಗೆ ಊರಿಗೆ ಮೂರನೆಯ ಮಿಲ್ಲು ಬಂತು. ಮಕ್ಕಳಿಲ್ಲದೆ ಮುಚ್ಚಲಿದ್ದ ಓಣಿಯ ಕನ್ನಡ ಶಾಲೆ ಈ ಬಂದವರ ಮಕ್ಕಳಿಂದ ತುಂಬಿ, ಎರಡನೆಯ ಮಾಸ್ತರ ಬಂದ. ಬೇಳೆ ಉಂಡವರು ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಮಧ್ಯಾಹ್ನ ಗೌರಾಬಾಯಿ ಕೆಟ್ಟ ರಾಶಿಯ ಮುಂದೆ ಮೊರ ಹಿಡಿದು ಕೂತಳು. ಒಡೆಯದೆ ಉಳಿದ ಕಾಳುಗಳು ಬೆರಳಿಗೆ ಜಿಗುಟಾಗಿ ಹತ್ತಿದವು. ಅನುಮಾನ ಬಂತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದಳು. ಕಟ್ಟೆನ್ನಲಿಲ್ಲ. ಮೇಣದಂತೆ ಚಪ್ಪಟೆಯಾಗಿ ಹಲ್ಲಿಗೆ ಅಂಟಿತು. ಎಣ್ಣೆಯ ಕಹಿ ಬಾಯಿಗೆ ಬಂದು ಉಗುಳಿದಳು.

ಉಗುಳಿದ್ದನ್ನು ನೋಡಿದಳು. ಮಹಮ್ಮದ ಉಗುಳುತ್ತಿದ್ದುದೂ ಇದನ್ನೇ.

ಎಣ್ಣೆ ಸವರಿದ ತೊಗರಿ ಮೂರು ಬಿಸಿಲು ಕಾಣಬೇಕು. ಆಗ ಹೊಟ್ಟು ಸಡಿಲಾಗಿ ಬೇಳೆ ನೆಟ್ಟಗೆ ಒಡೆಯುತ್ತದೆ. ಈ ತೊಗರಿಗೆ ಎಣ್ಣೆ ಸವರಿದ್ದು ಶನಿವಾರ ಸಂಜೆ. ಕಲ್ಲಿಗೆ ಹಾಕಿದ್ದು ಸೋಮವಾರ ಬೆಳಿಗ್ಗೆ. ನಡುವೆ ಕಂಡದ್ದು ಭಾನುವಾರದ್ದೊಂದೇ ಬಿಸಿಲು. ಆಗ ಮಹಮ್ಮದ ಕಾಳು ಕಡಿದು ಕೆಲಸ ಮಾಡಿಸುವ ಮೇಸ್ತ್ರಿ ದೊಡ್ಡಪ್ಪನಿಗೆ ಹೇಳಿದ್ದು ಅವಳಿಗೆ ಕೇಳಿಸಿತ್ತು, ಕಿವಿಗೆ ಹಾಕಿಕೊಂಡಿರಲಿಲ್ಲ: "ಮೇಸ್ತ್ರೀ, ಕಚ್ಚಾ ಅದರಿ. ಇನ್ನೆರಡು ಬಿಸಿಲು ಬೇಕು."

"ನೀ ಕಲ್ಲು ನೋಡಲೇ, ಬಿಸಿಲು ನಾ ನೋಡ್ತೇನಿ," ಅಂದಿದ್ದ ದೊಡ್ಡಪ್ಪ. "ಸಾಹುಕಾರ್ರು ಇವತ್ತೇ ಲಾರಿ ತುಂಬು ಅಂದಾರ."

ಕೇಳಿದವಳು ಅವಳೊಬ್ಬಳೇ ಅಲ್ಲ. ಬೇಳೆ ಹಸನು ಮಾಡುವ ಎಂಟೂ ಹೆಂಗಸರು ಅಲ್ಲೇ ಕೂತಿದ್ದರು.

ಅವಳು ಒಂದು ಹಿಡಿ ಕಾಳನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದು ರಸ್ತೆಗೆ ಹೋದಳು. ಜೈತುನಬಿ ತಗಡಿನ ನೆರಳಲ್ಲಿ ಮಗಳು ಮುಮತಾಜಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು.

"ಯಾಕ ಬಂದ್ಯಕ್ಕಾ? ಇನ್ನೂ ಏನರೆ ಉಳದದೇನು ನೋಡಾಕ?"

"ಸೋಮವಾರ ನಿನ್ನ ಗಂಡ ಮೇಸ್ತ್ರಿಗೆ ಏನಂದಾಂತ ಗೊತ್ತದ ನಂಗ."

"ಗೊತ್ತಿದ್ದೂ ಬೆಳಿಗ್ಗಿಂದ ಸುಮ್ನಿದ್ದಿ?" ಜೈತುನಬಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಸಂಜಿಗಿ ಪೋಲೀಸ್ರು ಬರ್ತಾರಂತ. ಕಾಗದ ಬರಿಯಾಕತ್ತಾರ. ಹೋಗು, ನಿನ್ನೂ ಕರೀತಾರ."

ಕರೆದರು. ಕಚೇರಿಯಲ್ಲಿ ಮಿಲ್ಲಿನ ಮಾಲಕ ದೌಲತರಾಯ ಕುರ್ಚಿಯಲ್ಲಿದ್ದರು, ಪಕ್ಕದಲ್ಲಿ ದೊಡ್ಡಪ್ಪ. ಗುಮಾಸ್ತ ಗುರಣ್ಣನ ಮೇಜಿನ ಮೇಲೆ ಕಾಗದ, ಮಸಿಯ ಡಬ್ಬಿ. ಉಮರ್ಗಾದ ಶಾರದಾಬಾಯಿ ಆಗಲೇ ಹೆಬ್ಬೆಟ್ಟು ಒತ್ತಿ, ಮಸಿ ಗೋಡೆಗೆ ಒರೆಸುತ್ತಿದ್ದಳು. ಹೊರಗಿನವಳು ಹೊರಗಿನವನ ಪಕ್ಷ ಹಿಡಿದಳೆಂಬ ಮಾತು ಬರಬಾರದೆಂದು ಅವಳೇ ಎಲ್ಲರಿಗಿಂತ ಮೊದಲು ಓಡಿ ಬಂದಿದ್ದಳು. ಗೌರಾಬಾಯಿಯ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಬಾ ಗೌರಾಬಾಯಿ, ನೀ ಒತ್ತಿದ್ರ ಉಳದವರೂ ಒತ್ತತಾರ," ಅಂದರು ದೌಲತರಾಯ.

"ಏನ್ ಬರದದರಿ ಅದರಾಗ?"

ದೊಡ್ಡಪ್ಪ ನಕ್ಕ. "ಸಹಿ ಬರೂದಿಲ್ಲ, ಓದಾಕ ಹೊಂಟಾಳ!"

"ಓದಾಕ ಬರೂದಿಲ್ಲಂತೇ ಕೇಳಾಕತ್ತೇನಿ."

ಗುರಣ್ಣ ತಲೆ ಎತ್ತದೆ ಓದಿದ: "ಮಹಮ್ಮದ ಎಂಬಾತ ಬೇಕೆಂತಲೇ ಕಲ್ಲು ಕೆಡಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ."

ಗೌರಾಬಾಯಿ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಕಾಳು ಮೇಜಿನ ಮೇಲೆ ಸುರಿದಳು. "ಇದು ಒಂದೇ ಬಿಸಿಲು ಕಂಡದರಿ. ಕಲ್ಲಿನ ತಪ್ಪಲ್ಲ. ಒಂದು ಕಾಳು ಕಡದು ನೋಡ್ರಿ ಸಾಹುಕಾರ್ರ."

ದೌಲತರಾಯ ಕಾಳು ಮುಟ್ಟಲಿಲ್ಲ. ಅವಳನ್ನೂ ನೋಡಲಿಲ್ಲ, ದೊಡ್ಡಪ್ಪನನ್ನು ನೋಡಿದರು. ಆ ನೋಟದಲ್ಲಿ ಬೆರಗಿರಲಿಲ್ಲ. ಇವರಿಗೆ ಮೊದಲೇ ಗೊತ್ತು ಎಂದು ಗೌರಾಬಾಯಿಗೆ ಆಗ ತಿಳಿಯಿತು.

"ಎಲ್ಲಿಂದಲೋ ಬಂದವನ ಸಲುವಾಗಿ ಊರವರ ಮಾನ ಕಳೀತಿ?" ಅಂದರು ಅವರು.

"ಊರವರು ಯಾರ್ರಿ ಇಲ್ಲಿ? ಗಂಡ ಸತ್ತಾಗ ಸರಸಂಬಾದಿಂದ ಬಂದಾಕಿ ನಾ. ಮೇಸ್ತ್ರಿ ಚೌಡಾಪುರದಾಂವ. ನಿಮ್ಮಜ್ಜ ಹಿರೋಳ್ಳಿಯಿಂದ ಗಾಡಿ ಕಟ್ಟಿ ಬಂದದ್ದು ನೀವೇ ಹೇಳ್ತೀರಿ."

"ನಾಲಿಗಿ ಉದ್ದಾತು." ದೌಲತರಾಯರ ದನಿ ತಗ್ಗಿತು. "ನೀ ಇರೂ ಖೋಲಿ ಮಿಲ್ಲಿಂದು. ಸಂಜಿಗಿ ಖಾಲಿ ಮಾಡಸ್ಲೇನು?"

ಬಾಗಿಲಲ್ಲಿ ಉಳಿದ ಆರು ಹೆಂಗಸರು ನಿಂತಿದ್ದರು. ಇವಳು ಏನು ಮಾಡುತ್ತಾಳೆ ಎಂದು ಅವರಿಗೂ ಅನುಮಾನ. ಗುರಣ್ಣ ಮಸಿಯ ಡಬ್ಬಿಯನ್ನು ಮುಂದೆ ತಳ್ಳಿದ.

"ಒತ್ತು," ಅಂದರು ದೌಲತರಾಯ.

"ಒತ್ತಂಗಿಲ್ರಿ."